ಗಾಲ್ಫ್ ಸೆಟ್ ಕೊಳ್ಳೋ ಮುಂಚೆ ನಿಮ್ಮ ಆಟ ಅಳೆದುಕೊಳ್ಳಿ

(ಈ ಸಂಚಿಕೆಯ ಮಾತಿನ ಪಠ್ಯರೂಪ. ಓದಲು ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

 

ಸಿರುಗುಪ್ಪ ತಾಲ್ಲೂಕಿನ ಕರೂರಿನಲ್ಲಿ ಕೂತು ಗಾಲ್ಫ್ ಬಗ್ಗೆ ಮಾತಾಡ್ತೀನಿ ಅಂದ್ರೆ ನಗ್ತೀರಿ. ನಗ್ರಿ, ಪರವಾಗಿಲ್ಲ. ನಮ್ಮ ಕಡೆ ಹಸಿರು ಅಂದ್ರೆ ಭತ್ತದ ಗದ್ದೆ. ಆದ್ರೆ ಇಲ್ಲಿಂದ ಓದಿ ಬೆಂಗಳೂರು, ಹೈದರಾಬಾದ್ ಸೇರಿರೋ ಹುಡುಗ ಹುಡುಗಿಯರು ಎಷ್ಟು ಮಂದಿ ಇದ್ದಾರೆ ಅಂತ ನಿಮಗೇ ಗೊತ್ತು. ಆಫೀಸಿನವರ ಜೊತೆ ಒಂದು ಶನಿವಾರ ಡ್ರೈವಿಂಗ್ ರೇಂಜ್‌ಗೆ ಹೋಗ್ತಾರೆ. ಇಪ್ಪತ್ತು ಬಾಲ್‌ನಲ್ಲಿ ಎರಡು ನೆಟ್ಟಗೆ ಹೋಗ್ತವೆ. ಅಷ್ಟು ಸಾಕು, ಅವತ್ತು ರಾತ್ರಿನೇ ಫೋನ್‌ನಲ್ಲಿ ಸೆಟ್ ಹುಡುಕೋದು, ಇಎಂಐ ನೋಡೋದು ಶುರು. ಇವತ್ತಿನ ಸಂಚಿಕೆ ಆ ‘ಬೈ ನೌ’ ಬಟನ್ ಒತ್ತೋ ಮುಂಚೆ ಕೇಳಬೇಕಾದ್ದು.

ಮಾತು ಒಂದೇ: ಯಾವ ಕ್ಲಬ್ ಒಳ್ಳೇದು ಅನ್ನೋದು ತಪ್ಪು ಪ್ರಶ್ನೆ. ನನ್ನ ಆಟಕ್ಕೆ ಯಾವುದು ಹೊಂದ್ತದೆ ಅನ್ನೋದು ಸರಿ ಪ್ರಶ್ನೆ. ಹೊಲದಲ್ಲಿ ಕೆಲಸ ಮಾಡೋರಿಗೆ ಇದನ್ನ ಹೇಳಿಕೊಡೋದೇ ಬೇಡ. ಪಕ್ಕದೋರ ಕುಡುಗೋಲು ಎಷ್ಟೇ ಹರಿತ ಇರಲಿ, ನಮ್ಮ ಕೈಗೆ ಕೂರಲಿಲ್ಲ ಅಂದ್ರೆ ಮಧ್ಯಾಹ್ನದೊಳಗೆ ಬೊಬ್ಬೆ ಬರ್ತದೆ.

ಟೋಕಿಯೊದಲ್ಲಿ ಅದಿತಿ ಕಲಿಸಿದ ಪಾಠ

ಇದಕ್ಕೆ ದೊಡ್ಡ ಉದಾಹರಣೆ ನಮ್ಮ ಕರ್ನಾಟಕದಲ್ಲೇ ಇದೆ. ಅದಿತಿ ಅಶೋಕ್. ಹುಟ್ಟಿದ್ದು 1998ರಲ್ಲಿ, ಬೆಂಗಳೂರಿನಲ್ಲಿ. ಗಾಲ್ಫ್ ಶುರು ಮಾಡಿದ್ದು ಐದನೇ ವಯಸ್ಸಿನಲ್ಲಿ, ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಮೈದಾನದಲ್ಲಿ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅಪ್ಪ ಕ್ಯಾಡಿಯಾಗಿ ಬ್ಯಾಗ್ ಹೊತ್ತರು, ಅದಿತಿ 41ನೇ ಸ್ಥಾನ ಪಡೆದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ಅಂದ್ರೆ 2021ರ ಆಗಸ್ಟ್‌ನಲ್ಲಿ, ಅಮ್ಮ ಬ್ಯಾಗ್ ಹೊತ್ತರು. ಆಗ ಅದಿತಿ ವಿಶ್ವ ರ‍್ಯಾಂಕಿಂಗ್‌ನಲ್ಲಿ 200ನೇಯವರು. ಸ್ವಲ್ಪ ತಿಂಗಳ ಹಿಂದಷ್ಟೇ ಕೋವಿಡ್ ಬಂದು ಮೈಯಲ್ಲಿ ಶಕ್ತಿ ಇಳಿದಿತ್ತು.

ಆ ನಾಲ್ಕು ದಿನ ಅವರು ಹೊಡೆದದ್ದು 67, 66, 68, 68. ಒಟ್ಟು 269, ಪಾರ್‌ಗಿಂತ 15 ಕಡಿಮೆ. ಚಿನ್ನ ಗೆದ್ದ ಅಮೆರಿಕದ ನೆಲ್ಲಿ ಕೋರ್ಡಾ 17 ಕಡಿಮೆ. ಕಂಚಿಗೆ ಕೊರತೆ ಆದದ್ದು ಒಂದೇ ಒಂದು ಹೊಡೆತ. ನಾಲ್ಕನೇ ಸ್ಥಾನ.

ಈಗ ಇದನ್ನ ಕೇಳ್ರಿ. ದೂರ ಹೊಡೆಯೋರ ಪಟ್ಟಿಯಲ್ಲಿ ಅದಿತಿ ಇದ್ದದ್ದು ತಳದಲ್ಲಿ. ಪ್ರತಿ ಹೋಲ್‌ನಲ್ಲೂ ಮೊದಲ ಹೊಡೆತಕ್ಕೇ ಹತ್ತಾರು ಗಜ ಹಿಂದೆ. ಬೇರೆಯವರು ಚಿಕ್ಕ ಐರನ್ ಹಿಡಿದು ಗ್ರೀನ್‌ಗೆ ಹೊಡೆಯೋ ಕಡೆ ಇವರು ಹೈಬ್ರಿಡ್, ಫೇರ್‌ವೇ ವುಡ್ ತೆಗೀಬೇಕಿತ್ತು. ಆದ್ರೆ ಪಟರ್ ಕೈಗೆ ಬಂತು ಅಂದ್ರೆ ಅಲ್ಲಿದ್ದೋರಲ್ಲೆಲ್ಲಾ ಇವರದೇ ಮೇಲುಗೈ. ಇಷ್ಟೇ ನಾವು ಗಮನಿಸಬೇಕಾದ್ದು. ತನ್ನ ಆಟದಲ್ಲಿ ಏನಿದೆ, ಏನಿಲ್ಲ ಅನ್ನೋದು ಅವರಿಗೆ ಗೊತ್ತಿತ್ತು. ಬ್ಯಾಗ್ ಅದಕ್ಕೆ ಉತ್ತರ ಕೊಡ್ತಿತ್ತು. ನೆಲ್ಲಿ ಕೋರ್ಡಾ ಬ್ಯಾಗನ್ನ ಹಾಗೇ ಎತ್ತಿ ಇವರಿಗೆ ಕೊಟ್ಟಿದ್ರೆ ಆ 269 ಬರ್ತಿರಲಿಲ್ಲ ಅನ್ನೋದು ನನ್ನ ಲೆಕ್ಕ.

ಬ್ಯಾಗಲ್ಲಿ ಏನೇನಿರ್ತದೆ?

ನಿಯಮದ ಪ್ರಕಾರ ಹೆಚ್ಚಂದ್ರೆ 14 ಕ್ಲಬ್. ಗಮನಿಸ್ರಿ, ಇದು ಗರಿಷ್ಠ ಮಿತಿ. ಕನಿಷ್ಠ ಇಷ್ಟಿರಬೇಕು ಅಂತ ಎಲ್ಲೂ ಇಲ್ಲ.

ಅತಿ ಉದ್ದದ, ದಪ್ಪ ತಲೆಯ ಕ್ಲಬ್ ಡ್ರೈವರ್. ಅದರ ತಲೆ 460 ಘನ ಸೆಂಟಿಮೀಟರ್ ದಾಟೋಹಂಗಿಲ್ಲ. ಆಮೇಲೆ ಫೇರ್‌ವೇ ವುಡ್. ಆಮೇಲೆ ಹೈಬ್ರಿಡ್, ಇದು ವುಡ್ಡಿಗೂ ಐರನ್‌ಗೂ ನಡುವಿನದು. ಆಮೇಲೆ ನಂಬರ್ ಹಾಕಿದ ಐರನ್‌ಗಳು. ನಂಬರ್ ಹೆಚ್ಚಾದಂತೆ ಬಾಲ್ ಎತ್ತರಕ್ಕೆ ಹೋಗ್ತದೆ, ದೂರ ಕಡಿಮೆ ಆಗ್ತದೆ. ಮರಳಿನಿಂದ, ಗ್ರೀನ್ ಹತ್ತಿರದಿಂದ ಎತ್ತೋಕೆ ವೆಜ್. ಕೊನೆಗೆ ಉರುಳಿಸೋಕೆ ಪಟರ್.

ಒಂದು ಸಣ್ಣ ಲೆಕ್ಕ ಹಾಕೋಣ. ಪಾರ್ 72ರ ಕೋರ್ಸ್‌ನಲ್ಲಿ 18 ಹೋಲ್. ಪ್ರತಿ ಹೋಲ್‌ಗೆ ಎರಡು ಪಟ್ ಅಂತ ಹಿಡಿದೇ ಪಾರ್ ನಿಗದಿ ಮಾಡೋದು. ಅಂದ್ರೆ 72ರಲ್ಲಿ 36 ಹೊಡೆತ ಪಟರ್‌ದು. ಸರಿಯಾಗಿ ಅರ್ಧ. ಡ್ರೈವರ್ ಕೈಗೆ ಬರೋದು ಹೆಚ್ಚಂದ್ರೆ 14 ಸಲ. ಆದ್ರೂ ಜಾಹೀರಾತು ಯಾವುದರದು ಜಾಸ್ತಿ, ನಾವು ದುಡ್ಡು ಸುರಿಯೋದು ಯಾವುದಕ್ಕೆ, ಹೇಳ್ರಿ?

ಐದು ಅಳತೆ

ಒಂದು, ಉದ್ದ. ಕುಳ್ಳಗಿರೋರು ಉದ್ದ ಕಾವಿನ ಸಲಿಕೆ ಹಿಡಿದ್ರೆ ಏನಾಗ್ತದೋ ಇಲ್ಲೂ ಅದೇ. ಬರೀ ಎತ್ತರ ನೋಡಿದ್ರೆ ಸಾಲದು, ಕೈ ಎಷ್ಟು ಉದ್ದ ಅನ್ನೋದೂ ಬೇಕು. ಅದಕ್ಕೇ ಮಣಿಕಟ್ಟಿನಿಂದ ನೆಲದ ತನಕ ಅಳೀತಾರೆ. ಶೂ ಹಾಕ್ಕೊಂಡು, ನೆಟ್ಟಗೆ ನಿಂತು, ಕೈ ಇಳಿಬಿಟ್ಟು ಮನೇಲೇ ಅಳೆದುಕೊಳ್ಳಬಹುದು.

ಎರಡು, ಲೈ ಆಂಗಲ್. ಕ್ಲಬ್ ತಲೆ ನೆಲದ ಮೇಲೆ ಕೂತಾಗ ಕಾವು ಎಷ್ಟು ನೇರ ನಿಲ್ತದೆ ಅನ್ನೋ ಕೋನ. ಕಾವು ಅತಿ ನೇರ ಆದ್ರೆ ತಲೆಯ ತುದಿ ಗಾಳಿಯಲ್ಲಿ ಎದ್ದಿರ್ತದೆ, ಬಲಗೈ ಆಟಗಾರರ ಬಾಲ್ ಎಡಕ್ಕೆ ಹೋಗ್ತದೆ. ಅತಿ ಮಲಗಿದ್ರೆ ತುದಿ ನೆಲಕ್ಕೆ ತಾಗಿ ಬಲಕ್ಕೆ. ಎಷ್ಟೋ ಜನ ಇದು ತಮ್ಮ ಸ್ವಿಂಗ್ ದೋಷ ಅಂದ್ಕೊಂಡು ಕೋಚ್‌ಗೆ ದುಡ್ಡು ಕಟ್ಟಿ ಸ್ವಿಂಗ್ ಕೆಡಿಸ್ಕೊಳ್ತಾರೆ.

ಮೂರು, ಶಾಫ್ಟ್ ಎಷ್ಟು ಬಾಗ್ತದೆ ಅನ್ನೋದು. ಹಸಿ ಬೆತ್ತ ಬಾಗೋದಕ್ಕೂ ಒಣ ಬೆತ್ತ ಬಾಗೋದಕ್ಕೂ ವ್ಯತ್ಯಾಸ ಇಲ್ವಾ? ಹಂಗೆ. ನಿಧಾನ ಬೀಸೋರಿಗೆ ಹೆಚ್ಚು ಬಾಗೋದು, ರಭಸವಾಗಿ ಬೀಸೋರಿಗೆ ಗಟ್ಟಿದು. ಅಂದಾಜಿಗೆ ಹೇಳೋದಾದ್ರೆ, ಡ್ರೈವರ್ ಬೀಸುವ ವೇಗ ಗಂಟೆಗೆ 75ರಿಂದ 95 ಮೈಲಿ ಇದ್ರೆ ರೆಗ್ಯುಲರ್, 95 ದಾಟಿದ್ರೆ ಸ್ಟಿಫ್, 75ಕ್ಕಿಂತ ಕಡಿಮೆ ಇದ್ರೆ ಇನ್ನೂ ಮೆತ್ತಗಿನದು. ಇಲ್ಲೊಂದು ಎಚ್ಚರ: ಈ ಹೆಸರುಗಳಿಗೆ ಎಲ್ಲಾ ಕಂಪನಿಗೂ ಒಂದೇ ಮಾನದಂಡ ಇಲ್ಲ. ಒಬ್ಬರ ರೆಗ್ಯುಲರ್ ಇನ್ನೊಬ್ಬರ ಸ್ಟಿಫ್ ಆಗಿರಬಹುದು. ಹೊಡೆದೇ ನೋಡಬೇಕು. ‘ಲೇಡೀಸ್’, ‘ಸೀನಿಯರ್’ ಅನ್ನೋ ಲೇಬಲ್‌ಗೂ ಇದೇ ಮಾತು. ಬಾಲ್‌ಗೆ ನಿಮ್ಮ ವಯಸ್ಸು, ಲಿಂಗ ಗೊತ್ತಿಲ್ಲ, ವೇಗ ಮಾತ್ರ ಗೊತ್ತು. ಜೋರಾಗಿ ಬೀಸೋ ಹುಡುಗಿಗೆ ಸ್ಟಿಫ್ ಬೇಕಾಗಬಹುದು. ನಿಧಾನ ಬೀಸೋ ಹುಡುಗ ಮೆತ್ತಗಿನದು ತಗೊಂಡ್ರೆ ಮಾನ ಹೋಗಲ್ಲ.

ನಾಲ್ಕು, ಲಾಫ್ಟ್. ಅಂದ್ರೆ ಕ್ಲಬ್ ಮುಖ ಎಷ್ಟು ಹಿಂದಕ್ಕೆ ವಾಲಿದೆ. ನಿಧಾನ ಬೀಸೋರಿಗೆ 9 ಡಿಗ್ರಿ ಡ್ರೈವರ್‌ಗಿಂತ 11, 12 ಡಿಗ್ರಿಯದೇ ಸಾಮಾನ್ಯವಾಗಿ ದೂರ ಕೊಡ್ತದೆ, ಯಾಕಂದ್ರೆ ಬಾಲ್ ಗಾಳಿಯಲ್ಲಿ ಹೆಚ್ಚು ಹೊತ್ತು ನಿಲ್ತದೆ. ಅಂಗಡಿಯ ಮಾಯೆ ಇರೋದೂ ಇಲ್ಲೇ. ‘ಈ ಹೊಸ 7 ಐರನ್ ನಿಮ್ಮ ಹಳೇದಕ್ಕಿಂತ ಹದಿನೈದು ಗಜ ದೂರ ಹೋಗ್ತದೆ’ ಅಂತಾರೆ. ಹೌದು, ಹೋಗ್ತದೆ. ಹಳೇ 7 ಐರನ್ ಲಾಫ್ಟ್ 34 ಡಿಗ್ರಿ, ಹೊಸದರದು 30. ಅಂದ್ರೆ ಹಳೇ 6ಕ್ಕೆ 7 ಅಂತ ನಂಬರ್ ಹಚ್ಚಿದಂಗೆ. ತಂತ್ರಜ್ಞಾನ ಏನೂ ಇಲ್ಲ ಅಂತಲ್ಲ, ಆದ್ರೆ ಹೋಲಿಸೋವಾಗ ನಂಬರ್ ಬಿಟ್ಟು ಡಿಗ್ರಿ ಕೇಳ್ರಿ.

ಐದು, ಗ್ರಿಪ್. ಸಣ್ಣ ಆದ್ರೆ ಕೈ ಅತಿಯಾಗಿ ತಿರುಗ್ತದೆ, ದಪ್ಪ ಆದ್ರೆ ತಿರುಗಬೇಕಾದಷ್ಟೂ ತಿರುಗಲ್ಲ. ಬದಲಾಯಿಸೋಕೆ ಎಲ್ಲಕ್ಕಿಂತ ಅಗ್ಗ ಇದೇ, ಜನ ಮರೆಯೋದೂ ಇದನ್ನೇ.

ತಪ್ಪನ್ನ ಕ್ಷಮಿಸೋ ಕ್ಲಬ್

ಐರನ್‌ಗಳಲ್ಲಿ ಎರಡು ಜಾತಿ. ಬ್ಲೇಡ್ ಅಂದ್ರೆ ತೆಳ್ಳಗೆ, ಹಿಂಭಾಗ ಸಪಾಟು, ನೋಡೋಕೆ ಭಾರಿ ಚೆಂದ. ಕ್ಯಾವಿಟಿ ಬ್ಯಾಕ್ ಅಂದ್ರೆ ಹಿಂಭಾಗ ಟೊಳ್ಳು, ತೂಕ ಅಂಚುಗಳಿಗೆ ಹಂಚಿರ್ತದೆ. ತೂಕ ಅಂಚಿಗೆ ಹೋದಾಗ ಬಾಲ್ ನಡುವಿಗೆ ತಾಗದೇ ಪಕ್ಕಕ್ಕೆ ತಾಗಿದ್ರೂ ತಲೆ ಹೆಚ್ಚು ತಿರುಗಲ್ಲ. ಬ್ಯಾಟ್‌ನ ಅಂಚಿಗೆ ಬಾಲ್ ತಾಗಿದಾಗ ಕೈಯಲ್ಲಿ ಬ್ಯಾಟ್ ತಿರುಗ್ತದಲ್ಲ, ಅದನ್ನ ತಡೆಯೋ ಉಪಾಯ ಇದು.

ಈ ವಿಚಾರವನ್ನ ಜಗತ್ತಿಗೆ ಮುಟ್ಟಿಸಿದೋರಲ್ಲಿ ದೊಡ್ಡ ಹೆಸರು ಕಾರ್ಸ್ಟನ್ ಸೋಲ್‌ಹೈಮ್. ನಾರ್ವೆಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಎಂಜಿನಿಯರ್, ಜನರಲ್ ಎಲೆಕ್ಟ್ರಿಕ್‌ನಲ್ಲಿ ಕೆಲಸ. ತಡವಾಗಿ ಗಾಲ್ಫ್ ಹಿಡಿದ ಮನುಷ್ಯನಿಗೆ ಪಟಿಂಗ್ ಬರ್ತಿರಲಿಲ್ಲ. 1959ರಲ್ಲಿ ಗ್ಯಾರೇಜಿನಲ್ಲಿ ಕೂತು ತೂಕವನ್ನ ಎರಡು ತುದಿಗೆ ಹಂಚಿ ತನಗೆ ತಾನೇ ಒಂದು ಪಟರ್ ಮಾಡ್ಕೊಂಡ. ಬಾಲ್‌ಗೆ ತಾಗಿದಾಗ ‘ಪಿಂಗ್’ ಅಂತ ಸದ್ದು ಬಂತು. ಪಿಂಗ್ ಕಂಪನಿಯ ಹೆಸರು ಬಂದದ್ದೇ ಹಾಗೆ. ತನ್ನ ಆಟದ ಕೊರತೆಯನ್ನ ಮುಚ್ಚಿಡದೇ ಅಳೆದು ನೋಡಿದ್ದಕ್ಕೇ ಒಂದು ಉದ್ಯಮ ಹುಟ್ತು.

ಹೊಸಬರಿಗೆ ಕ್ಯಾವಿಟಿ ಬ್ಯಾಕ್. ಇದರಲ್ಲಿ ಚರ್ಚೆ ಬೇಡ.

ಈಗ ದುಡ್ಡಿನ ಮಾತು

ಬಿ.ಕಾಂ ಓದಿದೋನು ಲೆಕ್ಕ ಹೇಳದೇ ಬಿಡ್ತೀನಾ? ಉದಾಹರಣೆಗೆ 60,000 ರೂಪಾಯಿ ಸೆಟ್ ಅಂತಿಟ್ಕೊಳ್ರಿ. ತಿಂಗಳಿಗೆ ಎರಡು ಸಲ, ಎರಡು ವರ್ಷ ಆಡಿದ್ರೆ 48 ಸಲ. ಒಂದೊಂದು ಸಲಕ್ಕೆ 1,250 ರೂಪಾಯಿ, ಬರೀ ಸಲಕರಣೆಗೆ. ಆರು ತಿಂಗಳಿಗೇ ಬೇಜಾರಾಗಿ ಬಿಟ್ರೆ 12 ಸಲ, ಒಂದಕ್ಕೆ 5,000. ಡ್ರೈವಿಂಗ್ ರೇಂಜ್‌ನಲ್ಲಿ ಕ್ಲಬ್ ಬಾಡಿಗೆಗೆ ಎಷ್ಟು ಅಂತ ಕೇಳಿ, ಈ ಲೆಕ್ಕದ ಪಕ್ಕ ಇಟ್ಟು ನೋಡ್ರಿ. ಮನೆಗೆ ದುಡ್ಡು ಕಳಿಸೋ ಹುಡುಗರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಅಪ್ಪನಿಗೆ ಗೊಬ್ಬರಕ್ಕೆ ಕಳಿಸಬೇಕಾದ ತಿಂಗಳಲ್ಲಿ ಡ್ರೈವರ್ ಇಎಂಐ ಕಟ್ ಆಗಿರ್ತದೆ.

ನನ್ನ ಸಲಹೆ ಇಷ್ಟು:

- ಮೊದಲ ಮೂರು ತಿಂಗಳು ಏನೂ ಕೊಳ್ಳಬೇಡಿ. ಬಾಡಿಗೆಯ 7 ಐರನ್ ಒಂದರಲ್ಲೇ ಅಭ್ಯಾಸ ಮಾಡ್ರಿ, ಬೀಸೋ ರೀತಿ ಒಂದು ಹದಕ್ಕೆ ಬರಲಿ. ಸ್ವಿಂಗ್ ದಿನಕ್ಕೊಂದು ತರ ಇದ್ದಾಗ ಅಳತೆ ತಗೊಂಡೂ ಪ್ರಯೋಜನ ಇಲ್ಲ.
- ಆಮೇಲೂ 14 ಬೇಡ. ಒಂದು ಫೇರ್‌ವೇ ವುಡ್, ಒಂದು ಹೈಬ್ರಿಡ್, 7 ಮತ್ತು 9 ಐರನ್, ಒಂದು ಸ್ಯಾಂಡ್ ವೆಜ್, ಒಂದು ಪಟರ್. ಆರು ಸಾಕು.
- ಸೆಕೆಂಡ್ ಹ್ಯಾಂಡ್‌ಗೆ ನಾಚಿಕೆ ಬೇಡ. ಶಾಫ್ಟ್ ಬಿರುಕು ಬಿಟ್ಟಿದೆಯಾ, ತುಕ್ಕು ಹಿಡಿದಿದೆಯಾ, ಮುಖದ ಗೆರೆಗಳು ಸವೆದಿವೆಯಾ ನೋಡ್ರಿ. ಆನ್‌ಲೈನ್‌ನಲ್ಲಿ ನಂಬಲಾರದಷ್ಟು ಅಗ್ಗ ಕಂಡ್ರೆ ನಂಬಬೇಡ್ರಿ, ದೊಡ್ಡ ಬ್ರ್ಯಾಂಡ್‌ಗಳ ನಕಲಿ ಮಾಲು ಬೇಕಾದಷ್ಟಿದೆ.
- ಟ್ರಯಲ್ ಹೊಡೆಯೋವಾಗ ಅತಿ ದೂರ ಹೋದ ಒಂದು ಬಾಲ್ ನೋಡಬೇಡ್ರಿ. ಹತ್ತು ಹೊಡೆದು, ಕೆಟ್ಟ ಐದು ಎಲ್ಲಿ ಬಿದ್ದವು ನೋಡ್ರಿ. ಮ್ಯಾಟ್ ಮೇಲೆ ಕ್ಲಬ್ ಜಾರಿಕೊಂಡು ಹೋಗ್ತದೆ, ಬಾಲ್ ಹಿಂದಿನ ನೆಲಕ್ಕೆ ತಾಗಿದ ತಪ್ಪು ಮುಚ್ಚಿಹೋಗ್ತದೆ. ಆಗೋದಾದ್ರೆ ಹುಲ್ಲಿನ ಮೇಲೂ ಹೊಡೀರಿ.
- ಬಾಲ್ ವಿಷಯಕ್ಕೆ, ಎರಡು ಪದರದ ಸಾದಾ ಬಾಲ್ ಸಾಕು. ಹೇಗೂ ಮೊದಲ ವರ್ಷ ಅರ್ಧ ಬಾಲ್ ಕೆರೆಗೆ, ಅರ್ಧ ಪೊದೆಗೆ.

ಅಂಗಡಿಯಲ್ಲಿ ನಿಂತಾಗ ಜೊತೆಗೆ ಬಂದ ಸೀನಿಯರ್ ‘ನಾನಿದೇ ಹಿಡಿಯೋದು, ನೀನೂ ತಗೋ’ ಅಂತಾರೆ. ಅಲ್ಲಿ ‘ನನ್ನ ಸ್ವಿಂಗ್ ನಿಧಾನ ಸರ್, ನನಗೆ ಮೆತ್ತಗಿನದು ತೋರಿಸಲಿ’ ಅಂತ ಹೇಳೋಕೆ ಸ್ವಲ್ಪ ಧೈರ್ಯ ಬೇಕು. ಅದರಲ್ಲೂ ಹಳ್ಳಿಯಿಂದ ಹೋಗಿ ಆ ಜಾಗದಲ್ಲಿ ಮೊದಲೇ ಮುದುಡಿಕೊಂಡು ನಿಂತೋರಿಗೆ ಇನ್ನೂ ಸ್ವಲ್ಪ ಜಾಸ್ತಿ ಬೇಕು. ಹೇಳಿಬಿಡ್ರಿ. ಕ್ಲಬ್ ಬೀಸೋರು ನೀವು, ದುಡ್ಡು ಕೊಡೋರೂ ನೀವೇ.

ನಿಮ್ಮ ಮಣಿಕಟ್ಟಿನಿಂದ ನೆಲಕ್ಕೆ ಎಷ್ಟು ಇಂಚು ಬಂತು ಅಂತ ಅಳೆದು ವಾಯ್ಸ್ ಮೆಸೇಜ್ ಹಾಕ್ರಿ. ಮುಂದಿನ ವಾರ ಲೆದರ್ ಬಾಲ್‌ಗೆ ಬ್ಯಾಟ್ ಆರಿಸೋದು ಹೇಗೆ ಅಂತ ಮಾತಾಡೋಣ, ಅದರಲ್ಲಿ ಮಾತ್ರ ಯಾರೂ ನಗಲ್ಲ. ಬರ್ತೀನ್ರಿ.