ಐರಾವತಕ್ಕೊಬ್ಬ ತಮ್ಮ

ಇಲ್ಲದ ವಿಮಾನವೊಂದನ್ನು ಕಟ್ಟಲು ಕೂತವರಿಗೆ ಮೊದಲು ಒಂದು ಇಸವಿ ಬೇಕು. ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ಕಿನ ಏರ್‌ಬಸ್ ಎ-320 ಇದೆ, ಮೇಜಿನ ಮೇಲೆ ಅಂಟು, ಬ್ಲೇಡು, ಎಮರಿ ಪೇಪರ್ ಎಲ್ಲವೂ ಇವೆ. ಆದರೆ ಈ ವಿಮಾನ ಯಾವ ಕಾಲದಲ್ಲಿ, ಯಾರಿಗಾಗಿ, ಯಾವ ಕೆಲಸಕ್ಕೆ ಹಾರುತ್ತಿತ್ತು ಎಂಬುದು ಗಟ್ಟಿಯಾಗುವವರೆಗೆ ಅದರ ಮೈಮೇಲೆ ಒಂದು ಗೆರೆ ಕೊರೆಯಲೂ ಆಗದು. ನಾನು ಆರಿಸಿಕೊಂಡ ಇಸವಿ 2004. ವಿಮಾನ ಭಾರತೀಯ ವಾಯುಪಡೆಯದು. ಕೆಲಸ, ಆಕಾಶದಲ್ಲಿ ನಿಂತು ಗಡಿ ಕಾಯುವುದು. ಬೆನ್ನ ಮೇಲೆ ರೇಡಾರ್ ತಟ್ಟೆ ಹೊತ್ತ ಎ-320 ನಮ್ಮ ವಾಯುಪಡೆಯಲ್ಲಿ ಎಂದೂ ಇರಲಿಲ್ಲ.

ಮಾದರಿ ಕಟ್ಟುವವರ ಲೋಕದಲ್ಲಿ ಇಂಥದ್ದನ್ನು ‘ವಾಟ್ ಇಫ್’ ಎನ್ನುತ್ತಾರೆ. ಹೀಗಾಗಿದ್ದರೆ ಹೇಗಿರುತ್ತಿತ್ತು ಎಂದು ಕೇಳಿಕೊಂಡು ಕಟ್ಟುವುದು. ಅಮೆರಿಕದ ಮಾದರಿ ಸ್ಪರ್ಧೆಗಳಲ್ಲಿ ಇದಕ್ಕೆಂದೇ ಬೇರೆ ವಿಭಾಗ ಇಟ್ಟಿರುವುದುಂಟು. ಅಟ್ಲಾಂಟಾದಿಂದ ಈಶಾನ್ಯಕ್ಕೆ ಸುಮಾರು ಐವತ್ತು ಕಿಲೋಮೀಟರ್ ದೂರದ ಲಾರೆನ್ಸ್‌ವಿಲ್‌ನಲ್ಲಿ ನಮ್ಮ ಮನೆ. ಗ್ಯಾರೇಜಿನ ಒಂದು ಮೂಲೆ ನನ್ನ ಕೆಲಸದ ಜಾಗ. ಬ್ರಿಸ್ಕೋ ಫೀಲ್ಡಿನ ಪುಟ್ಟ ವಿಮಾನಗಳು ತಲೆಯ ಮೇಲೆ ಹಾದುಹೋಗುತ್ತಿರುತ್ತವೆ. ಕನ್ನಡ ಕೂಟದ ಗೆಳತಿಯರು ಬಂದಾಗಲೆಲ್ಲ ಕೇಳುತ್ತಾರೆ: ಇರುವ ವಿಮಾನಗಳೇ ಇಷ್ಟೊಂದಿರುವಾಗ ಇಲ್ಲದ್ದನ್ನು ಯಾಕೆ ಕಟ್ಟಬೇಕು? ಅದಕ್ಕೆ ಉತ್ತರ ಬೆಂಗಳೂರಿನಲ್ಲಿದೆ.

ಅದನ್ನು ಹೇಳುವ ಮೊದಲು ಒಂದು ಮಾತು: ಪ್ರಯಾಣಿಕರ ವಿಮಾನ ಸೇನೆಗೆ ಸೇರುವುದು ಹೊಸ ಸಂಗತಿಯೇನಲ್ಲ. ಏರ್ ಇಂಡಿಯಾದ ಸೂಪರ್ ಕಾನ್‌ಸ್ಟೆಲೇಷನ್‌ಗಳು 1960ರ ದಶಕದಲ್ಲಿ ವಾಯುಪಡೆಗೆ ಬಂದವು, ಮುಂದೆ ನೌಕಾಪಡೆಗೆ ಹೋಗಿ ಕಡಲು ಕಾದವು. ಅವುಗಳಲ್ಲೊಂದನ್ನು ಗೋವಾದ ನೌಕಾ ವಿಮಾನ ಸಂಗ್ರಹಾಲಯದಲ್ಲಿ ಈಗಲೂ ನೋಡಬಹುದು. ಅರಕ್ಕೋಣದಿಂದ ಏಳುವ ನೌಕಾಪಡೆಯ ಪಿ-8ಐ ಮೂಲದಲ್ಲಿ ಬೋಯಿಂಗ್ 737. ನಾನಿರುವ ಜಾರ್ಜಿಯಾದಲ್ಲೇ, ಇಲ್ಲಿಂದ ದಕ್ಷಿಣಕ್ಕೆ ಎರಡು ಗಂಟೆಗೂ ಮಿಕ್ಕ ಹಾದಿಯ ವಾರ್ನರ್ ರಾಬಿನ್ಸ್ ನೆಲೆಯಲ್ಲಿ, ನೆಲದ ಮೇಲಿನ ಸೇನೆಯ ಚಲನವಲನ ನೋಡುವ ಇ-8 ವಿಮಾನಗಳು 2023ರವರೆಗೆ ಇದ್ದವು. ಅವೆಲ್ಲ ಪ್ರಯಾಣಿಕರನ್ನೋ ಸರಕನ್ನೋ ಹೊತ್ತು ಹಳೆಯದಾದ ಬೋಯಿಂಗ್ 707ಗಳನ್ನು ಕೊಂಡು ತಂದು ಮಾರ್ಪಡಿಸಿದವು. ಸೇನೆಗೆ ಇವು ಒಪ್ಪುವುದಕ್ಕೆ ಕಾರಣ ಸರಳ: ಒಳಗೆ ಹತ್ತಾರು ಜನ ಪರದೆಗಳ ಮುಂದೆ ಕೂರುವಷ್ಟು ಜಾಗ, ಗಂಟೆಗಟ್ಟಲೆ ಗಾಳಿಯಲ್ಲಿ ನಿಲ್ಲುವಷ್ಟು ಇಂಧನ, ಬೇಕೆಂದಾಗ ಸಿಗುವ ಬಿಡಿಭಾಗ.

ಬೆಂಗಳೂರಿನಲ್ಲೂ ಇಂಥದ್ದೊಂದು ಪ್ರಯತ್ನ ನಡೆದಿತ್ತು. 1980ರ ದಶಕದಲ್ಲಿ ನಮ್ಮ ರಕ್ಷಣಾ ವಿಜ್ಞಾನಿಗಳು ಎಚ್.ಎ.ಎಲ್. ಕಾನ್ಪುರದಲ್ಲಿ ಕಟ್ಟಿದ ಆವ್ರೋ ವಿಮಾನದ ಬೆನ್ನ ಮೇಲೆ ತಿರುಗುವ ದೊಡ್ಡ ತಟ್ಟೆಯೊಂದನ್ನು ಕೂರಿಸಲು ಹೊರಟರು. ಅದೇ ಐರಾವತ. ತಟ್ಟೆ ಹೊತ್ತ ವಿಮಾನ 1990ರಲ್ಲಿ ಹಾರಿತು. 1999ರ ಜನವರಿ 11ರಂದು ಅರಕ್ಕೋಣದ ಬಳಿ ಇಳಿಯಲು ಬರುತ್ತಿದ್ದಾಗ ಅದು ಬಿತ್ತು. ಒಳಗಿದ್ದ ಎಂಟೂ ಜನ ಹೋದರು. ಅವರಲ್ಲಿ ನಾಲ್ವರು ವಿಜ್ಞಾನಿಗಳು, ನಾಲ್ವರು ವಾಯುಪಡೆಯವರು. ಯೋಜನೆ ಅಲ್ಲಿಗೆ ನಿಂತಿತು. 2004ರಲ್ಲಿ ಭಾರತ ಇಸ್ರೇಲಿನ ಫಾಲ್ಕನ್ ರೇಡಾರ್ ಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿತು. ರಷ್ಯದ ಇಲ್ಯೂಷಿನ್ ವಿಮಾನದ ಬೆನ್ನೇರಿದ ಆ ರೇಡಾರ್ 2009ರಲ್ಲಿ ನಮ್ಮ ನೆಲಕ್ಕೆ ಬಂತು.

ನಾನು ಕಟ್ಟಿರುವುದು ಐರಾವತದ ತಮ್ಮನನ್ನು. 1999ರ ಆ ದಿನ ಆ ವಿಮಾನ ಸುಖವಾಗಿ ಇಳಿದಿದ್ದರೆ, ಕೆಲಸ ಮುಂದುವರಿದಿದ್ದರೆ, ಐದು ವರ್ಷದಲ್ಲಿ ಬೆಂಗಳೂರಿನವರು ಆವ್ರೋಗಿಂತ ದೊಡ್ಡ ವಿಮಾನ ಕೇಳುತ್ತಿದ್ದರು. ಆಗ ಅವರ ಕೈಗೆ ಸುಲಭವಾಗಿ ಸಿಗುತ್ತಿದ್ದುದು ಇಂಡಿಯನ್ ಏರ್‌ಲೈನ್ಸ್ 1989ರಿಂದ ಹಾರಿಸುತ್ತಿದ್ದ ಎ-320. ನನ್ನ ಇಸವಿ ಹುಟ್ಟಿದ್ದು ಹೀಗೆ. ಇಸವಿ ನಿಂತ ಮೇಲೆ ಉಳಿದದ್ದನ್ನೆಲ್ಲ ಅದೇ ಹೇಳಿಕೊಟ್ಟಿತು.

ಮೊದಲು ಚಕ್ರ. ಇಂಡಿಯನ್ ಏರ್‌ಲೈನ್ಸ್‌ನ ಎ-320ಗಳಿಗೆ ಒಂದು ವಿಶೇಷ ಇತ್ತು. ಬೇರೆಯವರ ಎ-320ಗೆ ರೆಕ್ಕೆಯ ಕೆಳಗಿನ ಒಂದೊಂದು ಕಾಲಿಗೆ ಎರಡು ಚಕ್ರ, ನಮ್ಮವಕ್ಕೆ ನಾಲ್ಕು. ಗಟ್ಟಿಯಿಲ್ಲದ ರನ್‌ವೇಗಳ ಮೇಲೆ ಭಾರ ಹಂಚಿಹೋಗಲೆಂದು ಏರ್‌ಬಸ್ ಹಾಗೆ ಮಾಡಿಕೊಟ್ಟಿತ್ತು. ಗಡಿಯ ವಾಯುನೆಲೆಗೆ ಇಳಿಯುವ ಸೇನಾ ವಿಮಾನಕ್ಕೆ ಇದು ವರವೇ ಸರಿ. ಪೆಟ್ಟಿಗೆಯಲ್ಲಿ ಬರುವ ಕಾಲುಗಳನ್ನು ಬದಿಗಿಟ್ಟು, ಹಳೆಯ ಕಿಟ್‌ಗಳಲ್ಲಿ ಉಳಿದ ಚಕ್ರಗಳನ್ನು ಹಿತ್ತಾಳೆ ತಂತಿಯ ಅಚ್ಚಿಗೆ ಪೋಣಿಸಿ ಎಂಟು ಚಕ್ರ ಮಾಡಿದೆ. ಎಂಜಿನ್ನೂ ಅಷ್ಟೇ, ಆ ವಿಮಾನಗಳದ್ದು ವಿ-2500. ಅದರ ಕವಚ ಹಿಂದಿನ ತುದಿಯವರೆಗೂ ಒಂದೇ ಸಮನೆ ಹೋಗುತ್ತದೆ. ಎ-320ಗೇ ಹಾಕುವ ಇನ್ನೊಂದು ಎಂಜಿನ್ ಸಿ.ಎಫ್.ಎಂ.-56ರಲ್ಲಿ ಕವಚ ನಡುವೆಯೇ ನಿಂತು ಒಳಗಿನ ಕೊಳವೆ ಹೊರಗೆ ಚಾಚಿರುತ್ತದೆ. ಅಳತೆ ಎಷ್ಟು ಚಿಕ್ಕದಾದರೂ ಬಲ್ಲವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಆಮೇಲೆ ಕಿಟಕಿ. ಪರದೆ ನೋಡಿ ಕೆಲಸ ಮಾಡುವವರಿಗೆ ಕಿಟಕಿಯ ಬೆಳಕು ತೊಂದರೆ. ಜೊತೆಗೆ ಕಿಟಕಿಯೆಂದರೆ ವಿಮಾನದ ಚರ್ಮದಲ್ಲಿ ಕೊರೆದ ತೂತು, ಸುತ್ತ ಬಲ ಕೊಡಬೇಕು, ತೂಕ ಹೆಚ್ಚುತ್ತದೆ. ಹಾಗಾಗಿ ತುರ್ತು ಬಾಗಿಲು ಬಿಟ್ಟು ಉಳಿದೆಲ್ಲವನ್ನೂ ಮುಚ್ಚಬೇಕು. ಸೂಪರ್ ಗ್ಲೂ ತುಂಬಿ, ಒಣಗಿದ ಮೇಲೆ ಎಮರಿಯಿಂದ ಉಜ್ಜಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ತಗ್ಗು ಕಂಡಲ್ಲಿ ಮತ್ತೆ ತುಂಬಿ ಮತ್ತೆ ಉಜ್ಜುವುದು. ಮಾದರಿ ಕಟ್ಟುವುದರಲ್ಲಿ ಬಹುಪಾಲು ಸಮಯ ಹೋಗುವುದು ಇಂಥದ್ದಕ್ಕೇ. ನನಗೆ ಇದು ಇಷ್ಟ. ಪ್ರಯಾಣಿಕರ ವಿಮಾನ ಸೇನೆಯ ವಿಮಾನವಾಗುವುದು ನಿಜವಾಗಿ ಈ ಹಂತದಲ್ಲೇ, ಬಣ್ಣ ಬಳಿಯುವ ಎಷ್ಟೋ ಮೊದಲು.

ತಟ್ಟೆಯ ಮಾತಿಗೆ ಬರುವ ಮುನ್ನ ಅದು ಯಾಕೆ ಬೇಕೆಂದು ಹೇಳಬೇಕು. ಭೂಮಿ ದುಂಡಗಿದೆ, ರೇಡಾರ್ ಅಲೆ ಹೆಚ್ಚುಕಡಿಮೆ ನೇರ ಹೋಗುತ್ತದೆ. ಮೂವತ್ತು ಮೀಟರ್ ಎತ್ತರದ ಕಂಬದ ಮೇಲಿನ ರೇಡಾರಿಗೆ ನೆಲಕ್ಕಂಟಿಕೊಂಡು ಬರುವ ವಿಮಾನ ಸುಮಾರು ಇಪ್ಪತ್ತಮೂರು ಕಿಲೋಮೀಟರ್ ಹತ್ತಿರ ಬರುವವರೆಗೆ ಕಾಣುವುದಿಲ್ಲ. ಅದೇ ರೇಡಾರನ್ನು ಒಂಬತ್ತು ಕಿಲೋಮೀಟರ್ ಮೇಲಕ್ಕೆ ಒಯ್ದರೆ ದಿಗಂತ ಸುಮಾರು 390 ಕಿಲೋಮೀಟರ್ ಆಚೆಗೆ ಸರಿಯುತ್ತದೆ. ತಟ್ಟೆ ತಿರುಗುತ್ತ ನಾಲ್ಕೂ ದಿಕ್ಕನ್ನು ನೋಡುತ್ತದೆ.

ನನ್ನ ಮಾದರಿಯ ಅಳತೆ 1/144. ನಿಜದ ಎ-320 ಮೂವತ್ತೇಳೂವರೆ ಮೀಟರ್ ಉದ್ದ, ನನ್ನದು 26 ಸೆಂಟಿಮೀಟರ್. ತಟ್ಟೆಗೆ ಅಮೆರಿಕದ ಹಾಕ್‌ಐ ವಿಮಾನದ ಗಾತ್ರ ಇಟ್ಟುಕೊಂಡೆ. ನಿಜದಲ್ಲಿ 7.3 ಮೀಟರ್ ವ್ಯಾಸ, ಇಲ್ಲಿ ಐದು ಸೆಂಟಿಮೀಟರಿನ ಆಸುಪಾಸು. ಅಮೆರಿಕದ್ದೇ ಇನ್ನೊಂದು ರೇಡಾರ್ ವಿಮಾನವಾದ ಸೆಂಟ್ರಿಯ 9.1 ಮೀಟರಿನ ತಟ್ಟೆ ಈ ವಿಮಾನಕ್ಕೆ ದೊಡ್ಡದಾಗುತ್ತದೆ. ರಟ್ಟಿನಲ್ಲಿ ಕತ್ತರಿಸಿದ ತಟ್ಟೆಯನ್ನು ಬೆನ್ನ ಮೇಲಿಟ್ಟು ನೋಡುತ್ತಿದ್ದ ಹೊತ್ತಿಗೆ ನನ್ನ ಮಾವ ಗ್ಯಾರೇಜಿಗೆ ಬಂದರು. ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು, ಬೇಸಿಗೆಗೆಂದು ನಮ್ಮಲ್ಲಿಗೆ ಬಂದಿದ್ದರು.

“ಇದನ್ನ ಹಿಂಗೇ ಚಪ್ಪಟೆಯಾಗಿ ಕೂರಿಸ್ತೀಯೇನಮ್ಮಾ?” ಎಂದರು.

“ಇಲ್ಲ ಮಾವ, ಮುಂದುಗಡೆ ಆರು ಡಿಗ್ರಿ ತಗ್ಗಿಸಬೇಕು. ಇಲ್ಲಿಯವರ ಸೆಂಟ್ರೀಲಿ ಹಾಗೇ ಇದೆ.”

“ಹಾಗಾದ್ರೆ ಸರಿ. ನಿಧಾನಕ್ಕೆ ಹಾರೋವಾಗ ಏರ್‌ಕ್ರಾಫ್ಟು ಮೂತಿ ಎತ್ಕೊಂಡೇ ಇರತ್ತೆ. ಆಗ ತಟ್ಟೆ ಗಾಳಿಗೆ ಸಮ ಬರತ್ತೆ.” ಸ್ವಲ್ಪ ಹೊತ್ತು ಸುಮ್ಮನಿದ್ದು ತಟ್ಟೆ ಹೊರುವ ಕಾಲುಗಳನ್ನು ಮುಟ್ಟಿ ನೋಡಿದರು. “ಇವು ಅಗಲ ಬೇಕು ಕಣಮ್ಮ. ಹೊರೋದಷ್ಟೇ ಅಲ್ಲ, ನೆಲ ಮುಟ್ಟಿದಾಗ ಬೀಳೋ ಏಟೂ ಇವಕ್ಕೇ. ಕೆಳಗೆ ಎಲ್ಲಿಗೆ ಬಂದು ಸೇರ್ತವೆ?”

“ರೆಕ್ಕೆ ಹಿಂದೆ.”

“ಬರೀ ಚರ್ಮಕ್ಕಾ, ಒಳಗಿನ ಫ್ರೇಮಿಗಾ?”

ಆ ಪ್ರಶ್ನೆಯಿಂದ ಕೆಲಸವೇ ಬದಲಾಯಿತು. ಎ-320ಯ ನಕ್ಷೆಗಳನ್ನು ತೆಗೆದು, ಫಲಕಗಳ ಜೋಡಣೆಯ ಗೆರೆಗಳಿಂದ ಒಳಗಿನ ಉಂಗುರಗಳು ಎಲ್ಲಿ ಬರಬಹುದೆಂದು ಲೆಕ್ಕ ಹಾಕಿ, ಕಾಲುಗಳ ಬುಡವನ್ನು ಅಲ್ಲಿಗೇ ತಂದೆವು. ಸುತ್ತ ತೆಳು ಪ್ಲಾಸ್ಟಿಕ್ ಹಾಳೆಯ ಬಲಪಟ್ಟಿ ಅಂಟಿಸಿದೆವು. ಅರಕ್ಕೋಣದಲ್ಲಿ ಕಳಚಿಕೊಂಡದ್ದು ಆ ತಟ್ಟೆಯೇ ಎಂಬುದು ಮಾವನಿಗೂ ಗೊತ್ತು, ನನಗೂ ಗೊತ್ತು. ಆ ಸಂಜೆ ನಾವಿಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ. ಕಾಲುಗಳನ್ನು ಮಾತ್ರ ಅಗಲ ಮಾಡಿದೆವು.

ಬಾಲದ ಕೆಳಗೆ ಎರಡು ಪುಟ್ಟ ರೆಕ್ಕೆಗಳನ್ನೂ ಸೇರಿಸಿದ್ದೇನೆ. ಬೆನ್ನ ಮೇಲೆ ಇಂಥ ಭಾರ ಕೂತರೆ ವಿಮಾನ ಅಕ್ಕಪಕ್ಕಕ್ಕೆ ಓಲಾಡುವ ಸ್ವಭಾವ ಬದಲಾಗುತ್ತದೆ. 737ರಿಂದ ಮಾಡಿದ ವೆಡ್ಜ್‌ಟೇಲ್ ವಿಮಾನಕ್ಕೆ ಹೊಟ್ಟೆಯ ಹಿಂಭಾಗದಲ್ಲಿ ಇಂಥವೇ ಇವೆ. ಮೂತಿಯ ಮೇಲೆ ಗಾಳಿಯಲ್ಲೇ ಇಂಧನ ತುಂಬಿಸಿಕೊಳ್ಳುವ ಕೊಳವೆಯನ್ನೂ ಇಟ್ಟೆ, ಅದಕ್ಕೆ ಅಪ್ಪಣೆ ಕೊಟ್ಟದ್ದು ಇಸವಿ. ನಮ್ಮ ವಾಯುಪಡೆಗೆ ಐಎಲ್-78 ಇಂಧನ ವಿಮಾನಗಳು ಬಂದದ್ದು 2003ರಲ್ಲಿ. ನನ್ನ ವಿಮಾನ 2000ದ್ದಾಗಿದ್ದರೆ ಆ ಕೊಳವೆಗೆ ಅಲ್ಲಿ ಕೆಲಸವೇ ಇರುತ್ತಿರಲಿಲ್ಲ.

ಬಣ್ಣ ಹೊಡೆಯಲು ಜಾರ್ಜಿಯಾದಲ್ಲಿ ದಿನ ನೋಡಿಯೇ ಕೂರಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಪೈನ್ ಮರಗಳ ಹಳದಿ ಪರಾಗ ಊರಿಗೆ ಊರನ್ನೇ ಮುಚ್ಚುತ್ತದೆ. ಗ್ಯಾರೇಜಿನ ಬಾಗಿಲು ಒಂದು ಗೇಣು ತೆರೆದಿದ್ದರೂ ಸಾಕು, ಹಸಿ ಬಣ್ಣದ ಮೇಲೆ ಬಂದು ಕೂರುತ್ತದೆ. ಜುಲೈಯಲ್ಲಿ ಗಾಳಿಯ ತೇವ ಲ್ಯಾಕರ್ ಬಣ್ಣದೊಳಗೆ ಸಿಕ್ಕಿಕೊಂಡು ಮೇಲ್ಮೈ ಹಾಲಿನಂತೆ ಬೆಳ್ಳಗಾಗುತ್ತದೆ. ಹಾಗಾಗಿ ಅಕ್ಟೋಬರ್ ನನ್ನ ತಿಂಗಳು. ಮೊದಲು ಪ್ರೈಮರ್, ಆಮೇಲೆ ಏರ್‌ಬ್ರಷ್‌ನಲ್ಲಿ ತೆಳುವಾಗಿ, ಪದರದ ಮೇಲೆ ಪದರ, ಮಂಕಾದ ತಿಳಿಬೂದು. ಪ್ರಯಾಣಿಕರ ವಿಮಾನ ಕಣ್ಣಿಗೆ ಬೀಳಲಿ ಎಂದು ಬಿಳಿ ಹೊಳಪು ಹಚ್ಚುತ್ತಾರೆ. ಇದು ಎತ್ತರದಲ್ಲಿ ಆಕಾಶಕ್ಕೆ ಬೆರೆತು ಹೋಗಬೇಕಾದದ್ದು. ಬಾಟಲಿಯ ಬಣ್ಣಕ್ಕೆ ಒಂದಿಷ್ಟು ಬಿಳಿ ಬೆರೆಸಿಕೊಳ್ಳುತ್ತೇನೆ, ಯಾಕೆಂದರೆ ದೊಡ್ಡ ವಿಮಾನದ ಬಣ್ಣವನ್ನು ಹಾಗೇ ಚಿಕ್ಕದಕ್ಕೆ ಹಚ್ಚಿದರೆ ಕಡುವಾಗಿ ಕಾಣುತ್ತದೆ. ತಟ್ಟೆಯ ಬಣ್ಣ ಬೇರೆ. ನಿಜದಲ್ಲಿ ಅದರೊಳಗಿಂದ ರೇಡಾರ್ ಅಲೆ ಹಾಯಬೇಕು, ಲೋಹದ ಪುಡಿ ಇರುವ ಬಣ್ಣ ಅದಕ್ಕೆ ಸಲ್ಲದು. ಆದ್ದರಿಂದ ಹೊಳಪಿಲ್ಲದ ಕಪ್ಪು, ನಡುವೆ ಒಂದು ಬಿಳಿ ಪಟ್ಟೆ.

ವಾಯುಪಡೆಯ ವೃತ್ತಲಾಂಛನವನ್ನು ಡೆಕಲ್ ಅಂಟಿಸದೆ ಬಣ್ಣದಲ್ಲೇ ಬಿಡಿಸಿದೆ. ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ನಿಜದಲ್ಲಿ ಒಂದು ಮೀಟರ್ ಅಗಲದ್ದು ಈ ಅಳತೆಯಲ್ಲಿ ಏಳು ಮಿಲಿಮೀಟರ್. ಟೇಪಿನಲ್ಲಿ ಉಂಗುರ ಕತ್ತರಿಸಿ ಒಂದೊಂದೇ ಬಣ್ಣ ಹೊಡೆಯಬೇಕು. ಬಾಲದ ಮೇಲಿನ ತ್ರಿವರ್ಣ ಪಟ್ಟಿಯಲ್ಲಿ ಎರಡೂ ಬದಿಗೆ ಕೇಸರಿ ಮೂತಿಯ ಕಡೆಗೇ ಇರಬೇಕು. ನೋಂದಣಿ ಸಂಖ್ಯೆಗೆ ಯಾವ ನಿಜ ವಿಮಾನಕ್ಕೂ ಇಲ್ಲದ ಅಂಕಿ ಹುಡುಕಿ ಇಟ್ಟೆ. ಕಲ್ಪನೆಯ ವಿಮಾನ ಬೇರೊಂದು ವಿಮಾನದ ಗುರುತನ್ನು ಕಸಿಯಬಾರದು, ಅದನ್ನು ನಾನು ನೇಮದಂತೆ ಪಾಲಿಸುತ್ತೇನೆ. ಐರಾವತದ ಸಂಖ್ಯೆಯನ್ನಂತೂ ಮುಟ್ಟಲಾರೆ.

ನಿಜದ ಇತಿಹಾಸ ಬೇರೆ ದಾರಿಯಲ್ಲಿ ಅಲ್ಲಿಗೇ ಬಂತು. ಐರಾವತವನ್ನು ರೂಪಿಸಿದ್ದ ಬೆಂಗಳೂರಿನ ರಕ್ಷಣಾ ವಿಜ್ಞಾನಿಗಳ ಸಂಸ್ಥೆಯೇ ಬ್ರೆಜಿಲಿನ ಎಂಬ್ರಾಯರ್ ಜೆಟ್ಟಿನ ಬೆನ್ನ ಮೇಲೆ ಉದ್ದನೆಯ ಆಂಟೆನಾ ಕೂರಿಸಿತು. ಆ ವಿಮಾನ 2012ರಲ್ಲಿ ಬೆಂಗಳೂರಿಗೆ ಬಂತು, 2017ರಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ವಾಯುಪಡೆಯ ಕೈ ಸೇರಿತು. ಅದೇ ನೇತ್ರ. ತಿರುಗುವ ತಟ್ಟೆ ಅದಕ್ಕಿಲ್ಲ, ಎರಡು ಬದಿಗೆ 120 ಡಿಗ್ರಿಯಂತೆ 240 ಡಿಗ್ರಿ ನೋಡುತ್ತದೆ. 2021ರಲ್ಲಿ ಅದರ ಮುಂದಿನ ರೂಪಕ್ಕೆ ಸರ್ಕಾರ ಒಪ್ಪಿಗೆ ಕೊಟ್ಟಿತು, ಏರ್ ಇಂಡಿಯಾದ ಆರು ಏರ್‌ಬಸ್‌ಗಳನ್ನು ಮಾರ್ಪಡಿಸಲು. ಅವು ಎ-320ಯ ಅಣ್ಣ ಎ-321. ಅದನ್ನು ಓದಿದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಎ-321ರ ಕಿಟ್ ತರಿಸಿದ್ದೇನೆ. ಈ ಅಳತೆಯಲ್ಲಿ ಸುಮಾರು 31 ಸೆಂಟಿಮೀಟರ್ ಉದ್ದ. ಏರ್ ಇಂಡಿಯಾದವಕ್ಕೆ ಸಿ.ಎಫ್.ಎಂ. ಎಂಜಿನ್, ಕಾಲಿಗೆ ಎರಡೇ ಚಕ್ರ, ಆ ಕೆಲಸ ಈ ಸಲ ಹಗುರ. ಆಂಟೆನಾದ ಕಾಲುಗಳು ಯಾವ ಫ್ರೇಮಿಗೆ ಬರಬೇಕು, ಎಷ್ಟು ಕಿಟಕಿ ಉಳಿಸಬೇಕು ಎಂಬುದರ ಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಮಾವನ ಜೊತೆ ಫೋನಿನಲ್ಲಿ ವಾದ ನಡೆದಿದೆ. ನಾಲ್ಕು ಸಾಕು ಎನ್ನುತ್ತಾರೆ ಅವರು. ನಾನು ಆರಕ್ಕೆ ಪಟ್ಟು ಹಿಡಿದಿದ್ದೇನೆ.