ಅಪ್ಪಣೆ ಕೊಡುವವರು, ತಲೆ ತಗ್ಗಿಸುವವರು
ಹೊಸೂರು ಸೀಮೆಯ ಕನ್ನಡ ಮನೆಗಳ ನೆಪದಲ್ಲಿ ಒಂದು ವಿಚಾರ

ಗಡಿನಾಡ ಕನ್ನಡಿಗರ ಕುರಿತು ಬರೆಯುವಾಗಲೆಲ್ಲ ನಾವು ಶಾಲೆ, ಕಚೇರಿ, ನಾಮಫಲಕಗಳ ಮಾತನ್ನೇ ಎತ್ತುತ್ತೇವೆ. ಅದು ಅಗತ್ಯವೂ ಹೌದು. ಆದರೆ ಮನೆಯ ಬಾಗಿಲು ಮುಚ್ಚಿದ ಮೇಲೆ ಒಳಗೆ ಯಾರ ಮನಸ್ಸು ಹೇಗಿದೆ ಎಂದು ಕೇಳುವುದಿಲ್ಲ. ಈ ಸಲ ಅದನ್ನೇ ಕೇಳೋಣ. ಕಾಸರಗೋಡಿಗೆ ದೂರವಾದರೂ ಸ್ಥಿತಿಯಲ್ಲಿ ನಮಗೆ ಒಡಹುಟ್ಟಿದಂತಿರುವ ಹೊಸೂರು–ಕೃಷ್ಣಗಿರಿ ಸೀಮೆಯನ್ನು ಎದುರಿಗಿಟ್ಟುಕೊಂಡು ನೋಡೋಣ.

ಹೊಸೂರು ಹಿಂದೆ ಸೇಲಂ ಜಿಲ್ಲೆಯಲ್ಲಿತ್ತು. 1965ರಲ್ಲಿ ಧರ್ಮಪುರಿಗೂ 2004ರಲ್ಲಿ ಹೊಸದಾದ ಕೃಷ್ಣಗಿರಿ ಜಿಲ್ಲೆಗೂ ಸೇರಿತು. ಹೊಸೂರು, ತಳಿ, ಡೆಂಕಣಿಕೋಟೆಗಳ ಸುತ್ತಿನ ಅನೇಕ ಹಳ್ಳಿಗಳಲ್ಲಿ ಮನೆಮಾತು ಕನ್ನಡ ಅಥವಾ ತೆಲುಗು. ಕಚೇರಿಯ ಮಾತು ತಮಿಳು. ರಾಗಿ ಹೊಲದ ಸೀಮೆಗೆ ಗುಲಾಬಿ ತೋಟ ಬಂತು, ಕಾರ್ಖಾನೆ ಬಂತು. ಮನೆಯೊಳಗಿನ ಕಟ್ಟುಪಾಡು ಮಾತ್ರ ಅಷ್ಟು ಬೇಗ ಸಡಿಲಲಿಲ್ಲ.

ಸೋದರಮಾವನಿಗೆ ಹೆಣ್ಣು ಕೊಡುವ ರೂಢಿ ದಕ್ಷಿಣದ ಹಲವೆಡೆಯಂತೆ ಆ ಸೀಮೆಯಲ್ಲಿಯೂ ಹಳೆಯದು. ಹುಡುಗಿಗೆ ಸೇರಿದ ಮನೆ ಹೊಸತಲ್ಲ ಎಂಬ ಅನುಕೂಲ ಅದರಲ್ಲಿದೆ. ಆದರೆ ಗಂಡನೇ ತಾಯಿಯ ತಮ್ಮನಾದಾಗ, ಅವನ ಮೇಲಿನ ದೂರನ್ನು ಹೊತ್ತು ಮಗಳು ಯಾವ ತವರಿಗೆ ಹೋಗಬೇಕು? “ನನ್ನ ತಮ್ಮ ಅಂಥವನಲ್ಲ, ನೀನೇ ಸ್ವಲ್ಪ ತಗ್ಗಿ ನಡೆ” ಎಂದು ತಾಯಿ ಹೇಳಿದರೆ ಅವಳ ಕೊನೆಯ ಬಾಗಿಲೂ ಮುಚ್ಚಿದಂತೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. ಇಬ್ಬರಲ್ಲಿ ಒಬ್ಬರು ಮುಂದೆ ನಡೆಯುವುದು, ಇನ್ನೊಬ್ಬರು ಹಿಂಬಾಲಿಸುವುದು ತಾನಾಗಿ ರೋಗವೇನಲ್ಲ. ಇಬ್ಬರೂ ಮನಸಾರೆ ಒಪ್ಪಿಕೊಂಡ ಏರ್ಪಾಡಾದರೆ ಅದು ಅವರವರ ಸಂಸಾರದ ವಿಷಯ. ನಿಜವಾದ ಪರೀಕ್ಷೆ ಬೇರೆ: ತಗ್ಗಿ ನಡೆಯುವವರು ಒಂದು ದಿನ “ಬೇಡ” ಎಂದರೆ ಏನಾಗುತ್ತದೆ? ಮಾತುಕತೆಯಾದರೆ ಅದು ದಾಂಪತ್ಯ. ಊಟ ಬಿಡುವುದು, ಮಾತು ಬಿಡುವುದು, ಸಂಬಳ ಕಿತ್ತುಕೊಳ್ಳುವುದು, ಫೋನು ಬಚ್ಚಿಡುವುದು, ಕೈ ಎತ್ತುವುದು ಆದರೆ ಅದು ದಬ್ಬಾಳಿಕೆ. ಇಂಗ್ಲೆಂಡಿನಲ್ಲಿ ಇಂಥ ನಿರಂತರ ಹತೋಟಿಯನ್ನೇ 2015ರಲ್ಲಿ ಅಪರಾಧವೆಂದು ಕಾನೂನು ಮಾಡಿದರು. ನಮ್ಮಲ್ಲಿ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಹೊಡೆತದ ಜೊತೆಗೆ ಹೀನಾಯದ ಮಾತು, ಮಾನಸಿಕ ಹಿಂಸೆ, ಹಣದ ನಿರ್ಬಂಧಗಳನ್ನೂ ದೌರ್ಜನ್ಯವೆಂದೇ ಎಣಿಸುತ್ತದೆ.

ಹೆದರಿ ಬಾಳುವ ಮನಸ್ಸು ತನ್ನ ನೋವನ್ನು ಬಹಳ ಸಲ ದೇಹದ ಮೂಲಕ ಹೇಳುತ್ತದೆ. ತಲೆನೋವು, ಎದೆ ಹಿಡಿದಂತಾಗುವುದು, ನಿದ್ದೆಯಿಲ್ಲದಿರುವುದು, ಊಟ ಸೇರದಿರುವುದು. ಅಂಥ ಒಬ್ಬ ಗೃಹಿಣಿ ಆಸ್ಪತ್ರೆಗೆ ಹೋಗುವುದನ್ನು ಊಹಿಸೋಣ. ಡಾಕ್ಟರು ತಮಿಳಿನಲ್ಲಿ ಕೇಳುತ್ತಾರೆ. ಅವಳಿಗೆ ಪೇಟೆಯ ತಮಿಳು ಬಂದೀತು, ಮನಸ್ಸಿನ ಸಂಕಟ ಹೇಳುವಷ್ಟು ಬಾರದು. ಉತ್ತರ ಕೊಡುವವನು ಜೊತೆಗೆ ಬಂದ ಗಂಡ. ಯಾರಿಂದ ಸಂಕಟವೋ ಅವನೇ ದುಭಾಷಿ! “ಏನಿಲ್ಲ ಸಾರ್, ಸುಮ್ಮನೆ ಯೋಚನೆ ಮಾಡುತ್ತಾಳೆ” ಎಂಬಲ್ಲಿಗೆ ಮಾತು ಮುಗಿಯುತ್ತದೆ. ಅಲ್ಲಿ ತಮಿಳು, ಇಲ್ಲಿ ಮಲಯಾಳ, ಅಷ್ಟೇ ವ್ಯತ್ಯಾಸ. ಭಾಷೆಯ ಹಕ್ಕು ಎಂದರೆ ಇದೂ ಸೇರಿದೆಯೆಂದು ನಾವು ಅರಿಯಬೇಕು.

ಹಾಗಾದರೆ ದಾರಿಯೇನು? ಮೊದಲನೆಯದಾಗಿ, ಡಾಕ್ಟರ ಬಳಿ ಸ್ವಲ್ಪ ಹೊತ್ತು ಒಬ್ಬಳೇ ಮಾತಾಡಬೇಕೆಂದು ಕೇಳಿಕೊಳ್ಳುವುದು. ದುಭಾಷಿ ಬೇಕಾದರೆ ಮನೆಯವರಲ್ಲದ ಕನ್ನಡ ಬಲ್ಲ ನರ್ಸನ್ನೋ ಗೆಳತಿಯನ್ನೋ ಕರೆಯುವುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಂತೆ, ಕಾಯಿಲೆಯವರು ತಮಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಪಡೆಯಲು ಹಕ್ಕುಳ್ಳವರು. ಅವರ ವಿಷಯ ಗುಟ್ಟಾಗಿರಬೇಕು. ತಮ್ಮ ಪರವಾಗಿ ನಿಲ್ಲುವ ಪ್ರತಿನಿಧಿಯನ್ನು ತಾವೇ ಹೆಸರಿಸಬಹುದು. ಆ ಪ್ರತಿನಿಧಿ ಗಂಡನೇ ಆಗಬೇಕೆಂದಿಲ್ಲ.

ಎರಡನೆಯದು, ಹೊರಗಿನ ಒಂದು ನಂಟನ್ನಾದರೂ ಕಡಿದುಕೊಳ್ಳದಿರುವುದು. ಅಕ್ಕನಾಗಲಿ, ಪಕ್ಕದ ಮನೆಯಾಕೆಯಾಗಲಿ, ಸ್ವಸಹಾಯ ಸಂಘದ ಸಂಗಾತಿಯಾಗಲಿ, ವಾರಕ್ಕೊಮ್ಮೆ ಮಾತು ಇರಲಿ. ಗುರುತಿನ ಕಾಗದಗಳೂ ನಾಲ್ಕು ಕಾಸೂ ಕೈಗೆ ಸಿಗುವಂತಿರಲಿ.

ಮೂರನೆಯದು, ತಜ್ಞರ ನೆರವು. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸೇವೆಯ ಸಂಖ್ಯೆ 14416. ಹಗಲೂ ರಾತ್ರಿಯೂ ಖರ್ಚಿಲ್ಲದೆ ಮಾತಾಡಬಹುದು. ಅದರ ಭಾಷೆಗಳಲ್ಲಿ ಕನ್ನಡವೂ ಒಂದು. ಹೊಸೂರಿನವರಿಗೆ ಬೆಂಗಳೂರು ಸುಮಾರು 40 ಕಿಲೋಮೀಟರು. 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಇರುವುದು ಅಲ್ಲಿನ ಹೊಸೂರು ರಸ್ತೆಯಲ್ಲಿಯೇ. ಹೊಡೆತ ಬೆದರಿಕೆಗಳಿದ್ದರೆ ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಜೀವ ಬೇಡವೆಂಬ ಯೋಚನೆ ಸುಳಿದರಂತೂ ಒಂದು ದಿನವೂ ತಡಮಾಡಬಾರದು.

ಅಪ್ಪಣೆ ಕೊಡುವವರಿಗೂ ಒಂದು ಮಾತು. ಎಲ್ಲರೂ ಹೆದರುವ ಮನೆಯಲ್ಲಿ ಯಜಮಾನನಿಗೆ ನಿಜ ಹೇಳುವವರು ಇರುವುದಿಲ್ಲ. ಕಾರ್ಖಾನೆಯಲ್ಲಿ ತಾನೇ ತಲೆ ತಗ್ಗಿಸಿ ಬಂದ ಸಿಟ್ಟನ್ನು ಮನೆಯಲ್ಲಿ ಇಳಿಸುವವನೂ ಒಳಗೇ ಬೇಯುತ್ತಿರುತ್ತಾನೆ. ಆ ಬೇಗೆ ಅವನ ತಪ್ಪಿಗೆ ಮಾಫಿಯಲ್ಲ, ಆದರೆ ಅವನೂ ನೆರವು ಕೇಳಿದರೆ ಗಂಡಸುತನಕ್ಕೆ ಕುಂದಿಲ್ಲ. 14416 ಅವನಿಗೂ ಇರುವ ಸಂಖ್ಯೆಯೇ. ಸೊಸೆಯನ್ನು ಆಳುವ ಅತ್ತೆಗೂ ಇದೇ ಮಾತು; ತಾನು ಸೊಸೆಯಾಗಿದ್ದಾಗ ನುಂಗಿದ್ದನ್ನು ಒಮ್ಮೆ ನೆನೆದರೆ ಸಾಕು.

ಕನ್ನಡ ನಮ್ಮ ಮನೆಗಳಲ್ಲಿ ಉಳಿಯಬೇಕೆಂದು ನಾವು ಹಂಬಲಿಸುತ್ತೇವೆ. ಉಳಿಯಲಿ. ಆದರೆ ಅದು ಅಪ್ಪಣೆ ಕೊಡುವವರ ಭಾಷೆಯಾಗಿ ಮಾತ್ರ ಉಳಿದರೆ ಏನು ಬಂತು? ತಲೆ ತಗ್ಗಿಸಿದವರು ತಮ್ಮ ನೋವನ್ನು ಹೆದರದೆ ಹೇಳಿಕೊಳ್ಳುವ ಭಾಷೆಯೂ ಅದಾಗಬೇಕು. ಇಂದು ರಾತ್ರಿ ಊಟಕ್ಕೆ ಕೂತಾಗ, ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವವರನ್ನು ನಾವೆಲ್ಲ ಒಮ್ಮೆ ಕೇಳೋಣ: “ನಿನಗೇನನ್ನಿಸುತ್ತದೆ?” ಕೇಳಿದ ಮೇಲೆ, ಉತ್ತರ ಬರುವವರೆಗೆ ಸುಮ್ಮನಿರೋಣ.