ಮಧ್ಯಾಹ್ನದ ಬುತ್ತಿಗೆ ರಾಗಿ ತರಕಾರಿಯ ಬಿಲ್ಲೆಗಳು

(ಒಬ್ಬ ವ್ಯವಸಾಯದ ಇನ್‌ಸ್ಪೆಕ್ಟರು, ಎಲ್. ಎಜಿ.)

ವ್ಯವಸಾಯದ ಇಲಾಖೆಯ ಪತ್ರಿಕೆಯಲ್ಲಿ ಅಡಿಗೆಯ ವಿಷಯವೇಕೆಂದು ವಾಚಕ ಮಹಾಶಯರಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ಬಿತ್ತನೆ, ಗೊಬ್ಬರ, ಕಳೆ, ಕೊಯ್ಲು ಇವುಗಳನ್ನು ಕುರಿತು ಹೇಳುವುದಷ್ಟೇ ನಮ್ಮ ಕೆಲಸವೆಂದೂ, ಧಾನ್ಯವು ಕಣದಿಂದ ಮನೆಗೆ ಹೋದ ಮೇಲೆ ಅದರ ಯೋಚನೆಯು ನಮ್ಮದಲ್ಲವೆಂದೂ ನಾನೂ ಬಹುಕಾಲ ಭಾವಿಸಿದ್ದೆನು. ಆ ಭಾವನೆಯು ಸರಿಯಲ್ಲವೆಂದು ನನಗೆ ತಿಳಿದ ಸಂದರ್ಭವನ್ನು ಮೊದಲು ನಿವೇದಿಸಿ, ಅನಂತರ ವಿಷಯವನ್ನು ವಿವರಿಸುತ್ತೇನೆ.

ಒಂದು ವರ್ಷ ಒಕ್ಕಣೆಯ ಕಾಲದಲ್ಲಿ ಸಂಚಾರದಲ್ಲಿದ್ದಾಗ, ಗ್ರಾಮದ ಮುಖಂಡರೊಬ್ಬರ ಕಣಕ್ಕೆ ಹೋಗಿದ್ದೆನು. ರಾಗಿಯ ರಾಶಿಯು ಆಳೆತ್ತರಕ್ಕೆ ಬಿದ್ದಿತ್ತು. ರಾಗಿಯ ಸಾಲುಗಳ ನಡುವೆ ಅಕ್ಕಡಿಯಾಗಿ ಹಾಕಿದ್ದ ಅವರೆಯೂ ಚೆನ್ನಾಗಿ ಬಂದಿತ್ತು. ಬಾವಿಯ ಬಳಿ ಎರಡು ನುಗ್ಗೆಯ ಮರಗಳು, ಕೊಟ್ಟಿಗೆಯಲ್ಲಿ ಕರೆಯುವ ಹಸುಗಳು, ಯಾವುದಕ್ಕೂ ಕೊರತೆಯಿರಲಿಲ್ಲ. ಮಧ್ಯಾಹ್ನ ಬುತ್ತಿಯು ಬಂದಿತು. ಅದರಲ್ಲಿದ್ದುದು ಬಿಳಿಯ ಅನ್ನ, ತಿಳಿಸಾರು. ಮಕ್ಕಳ ಕೈಯಲ್ಲಿ ಅಂಗಡಿಯಿಂದ ತಂದ ಎಣ್ಣೆಯಲ್ಲಿ ಕರಿದ ತಿಂಡಿಯ ಪೊಟ್ಟಣಗಳು. ರಾಗಿಯಾಗಲಿ, ಸೊಪ್ಪಾಗಲಿ, ಕಾಳಾಗಲಿ ಕಾಣಲಿಲ್ಲ. ಆ ದಿನವೇ ಅವರ ಹಿರಿಯ ಸೊಸೆಯು ಪಟ್ಟಣದ ವೈದ್ಯರನ್ನು ಕಂಡು ಬಂದಿದ್ದಳು. ದೇಹದಲ್ಲಿ ರಕ್ತವು ಸಾಲದೆಂದು ಹೇಳಿ ಮಾತ್ರೆಗಳನ್ನು ಕೊಟ್ಟಿದ್ದರು. ಆ ಹಿರಿಯರು ರಾಶಿಯ ಕಡೆ ಕೈತೋರಿಸಿ, "ಸ್ವಾಮಿ, ಇಷ್ಟು ಬೆಳೆದವರ ಮನೆಯಲ್ಲಿ ರಕ್ತಕ್ಕೆ ಬಡತನ ಬಂದದ್ದು ಹೇಗೆ?" ಎಂದು ಕೇಳಿದರು. ಬೆಂಕಿರೋಗವನ್ನೂ ಕಾಂಡಕೊರೆಯುವ ಹುಳುವನ್ನೂ ಕುರಿತು ಕೇಳಿದ್ದರೆ ಒಡನೆಯೇ ಉತ್ತರ ಕೊಡುತ್ತಿದ್ದೆನು. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಇದು ಒಂದು ಮನೆಯ ಮಾತಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ದೇಶದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಯೂ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಯೂ ರಕ್ತಹೀನತೆಯುಳ್ಳವರೆಂದು ಕಂಡುಬಂದಿತು. ಇದಕ್ಕೆ ಕಾರಣಗಳು ಹಲವು ಉಂಟು. ಆದರೆ ಊಟದಲ್ಲಿ ಕಬ್ಬಿಣಾಂಶವು ಸಾಲದಿರುವುದು ಅವುಗಳಲ್ಲಿ ಮುಖ್ಯವಾದುದು.

ರಾಗಿಯು ಎಲ್ಲಿ ಹೋಯಿತು?

ರಾಗಿಯನ್ನು ಬೆಳೆಯುವುದರಲ್ಲಿ ನಮ್ಮ ರಾಜ್ಯವು ದೇಶಕ್ಕೇ ಮೊದಲನೆಯದು. ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಸಂಕರಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರಂಥವರ ಶ್ರಮದಿಂದ ಎಕರೆಯ ಇಳುವರಿಯೂ ಏರಿತು. ವಿಶ್ವಸಂಸ್ಥೆಯು 2023ನೆಯ ಇಸವಿಯನ್ನು ಸಿರಿಧಾನ್ಯಗಳ ವರ್ಷವೆಂದು ಘೋಷಿಸಿದಾಗ ಪಟ್ಟಣದವರೂ ರಾಗಿಯನ್ನು ಕೊಂಡಾಡಿದರು. ಹೀಗಿದ್ದರೂ, ಬೆಳೆದವರ ಮನೆಯ ಮಧ್ಯಾಹ್ನದ ಊಟದಿಂದ ರಾಗಿಯು ಮೆಲ್ಲಮೆಲ್ಲನೆ ಹಿಂದೆ ಸರಿಯುತ್ತಿದೆ. ಇದಕ್ಕೆ ತಾತ್ಸಾರವೊಂದೇ ಕಾರಣವಲ್ಲ. ಮುದ್ದೆಯು ಬಿಸಿಯಾಗಿದ್ದಾಗ ಅಮೃತಪ್ರಾಯವಾದರೂ ಆರಿದ ಮೇಲೆ ಗಟ್ಟಿಯಾಗುವುದು. ಅದಕ್ಕೆ ಸಾರು ಬೇಕು. ಸಾರನ್ನು ಹೊಲಕ್ಕೆ ಹೊತ್ತುಕೊಂಡು ಹೋಗುವುದು ಕಷ್ಟ. ಬಸ್ಸಿನಲ್ಲಿ ದೂರದ ಕಾಲೇಜಿಗೆ ಹೋಗುವ ಮಕ್ಕಳು ಮುದ್ದೆಯ ಡಬ್ಬಿಯನ್ನು ಒಯ್ಯಲು ಒಪ್ಪುವುದಿಲ್ಲ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ 2002ನೆಯ ಇಸವಿಯಲ್ಲಿ ಮೊದಲಾದ ಅಕ್ಷರ ದಾಸೋಹದಿಂದ ಮಧ್ಯಾಹ್ನದ ಊಟವು ದೊರೆಯುತ್ತಿದೆ. ಉಳಿದವರಿಗೆ ಬುತ್ತಿಯೇ ಗತಿ. ಬುತ್ತಿಗೆ ಹೊಂದದ ಆಹಾರವು ಎಷ್ಟು ಒಳ್ಳೆಯದಾದರೂ ಬಿಟ್ಟುಹೋಗುವುದು ಸಹಜವೇ ಸರಿ.

ಆದುದರಿಂದ ರಾಗಿ, ಬೇಳೆ, ಸೊಪ್ಪು, ತರಕಾರಿಗಳನ್ನು ಒಂದೇ ತುತ್ತಿನಲ್ಲಿ ಕೂಡಿಸಿ, ಸಾರಿಲ್ಲದೆ ತಿನ್ನಬಹುದಾದಂತೆಯೂ, ಬೆಳಗಿನಿಂದ ಮಧ್ಯಾಹ್ನದವರೆಗೆ ಕೆಡದಂತೆಯೂ ಬೇಯಿಸುವ ಕ್ರಮವೊಂದು ಬೇಕು. ಪಡ್ಡು, ಗುಂಡುಪಂಗಳ ಎಂಬ ಹೆಸರುಗಳಿಂದ ನಮ್ಮ ಮನೆಗಳಲ್ಲಿ ಮಾಡುವ ತಿಂಡಿಯ ಗುಳಿಹಂಚು ಇದಕ್ಕೆ ಸಾಕು. ಕರಾವಳಿಯ ಕೊಂಕಣಿ ಮನೆಗಳಲ್ಲಿ ಸೌತೆಕಾಯಿಯ ತುರಿಯನ್ನು ಅಕ್ಕಿಯ ತರಿಯೊಡನೆ ಕಲಸಿ, ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡವನ್ನಿಟ್ಟು ಬೇಯಿಸುವ ಹಳೆಯ ವಾಡಿಕೆಯುಂಟು. ಆ ಉಪಾಯವನ್ನು ಈ ಹಂಚಿಗೆ ಸೇರಿಸಿದರೆ ಎಣ್ಣೆಯ ವೆಚ್ಚವು ಬಹಳ ಕಡಮೆಯಾಗುವುದು.

ಬೇಕಾಗುವ ಪದಾರ್ಥಗಳು

ಆರು ಜನರ ಒಂದು ಕುಟುಂಬಕ್ಕೆ ಸುಮಾರು 40 ಬಿಲ್ಲೆಗಳಾಗುವಂತೆ ಪ್ರಮಾಣವನ್ನು ಕೊಟ್ಟಿದೆ: ರಾಗಿಯ ಹಿಟ್ಟು 400 ಗ್ರಾಂ, ಹೆಸರುಬೇಳೆ 150 ಗ್ರಾಂ, ಎಸಳು ಬಿಡಿಸಿದ ನುಗ್ಗೆಸೊಪ್ಪು 100 ಗ್ರಾಂ, ಗಜ್ಜರಿ ಅಥವಾ ಸಿಹಿಗುಂಬಳದ ತುರಿ 200 ಗ್ರಾಂ, ಹುರಿದು ಕುಟ್ಟಿದ ಕಡಲೆಕಾಯಿಬೀಜ 50 ಗ್ರಾಂ, ಈರುಳ್ಳಿ ಎರಡು, ಹಸಿಮೆಣಸಿನಕಾಯಿ, ಜೀರಿಗೆ, ಕೊತ್ತಂಬರಿಸೊಪ್ಪು, ಉಪ್ಪು ಇವು ರುಚಿಗೆ ತಕ್ಕಷ್ಟು, ಕಲಸಲು ಹುಳಿಮಜ್ಜಿಗೆ, ಎಣ್ಣೆ ಮೂರು ಚಮಚ. ಇವುಗಳಲ್ಲಿ ಉಪ್ಪು, ಜೀರಿಗೆಗಳ ಹೊರತು ಮಿಕ್ಕವೆಲ್ಲವೂ ಸ್ವಂತ ಜಮೀನಿನಿಂದ ಬರತಕ್ಕವು.

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿರುವುದು. ಅಷ್ಟೇ ತೂಕದ ಪಾಲಿಷ್ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸಿನಲ್ಲಿರುವುದು. ನುಗ್ಗೆಸೊಪ್ಪಿನಲ್ಲಿ ಸುಣ್ಣ, ಕಬ್ಬಿಣ ಎರಡೂ ಉಂಟು. ರಾಗಿಯಲ್ಲಿ ಮಾಂಸಪೋಷಕಾಂಶವು ನೂರಕ್ಕೆ ಏಳರಷ್ಟು ಮಾತ್ರವಿರುವುದರಿಂದ ಬೇಳೆಯನ್ನು ಬಿಡಕೂಡದು.

ಮಾಡುವ ಕ್ರಮ

ಮೊದಲನೆಯದಾಗಿ, ಬೇಳೆಯನ್ನು ಎರಡು ಗಂಟೆಗಳ ಕಾಲ ನೆನೆಹಾಕಿ, ನೀರನ್ನು ಬಸಿದು, ತರಿತರಿಯಾಗಿ ರುಬ್ಬತಕ್ಕದ್ದು.

ಎರಡನೆಯದಾಗಿ, ಹಿಟ್ಟಿನಲ್ಲಿ ಕಾಲುಭಾಗವನ್ನು ಬೇರೆ ತೆಗೆದು, ಕುದಿಯುವ ನೀರನ್ನು ಹಾಕಿ ಗಟ್ಟಿಯಾದ ಅಂಬಲಿಯಂತೆ ತಿರುವತಕ್ಕದ್ದು. ಇದು ಬಹಳ ಮುಖ್ಯ. ಗೋದಿಯ ಹಿಟ್ಟಿನಲ್ಲಿರುವ ಅಂಟು ರಾಗಿಯಲ್ಲಿಲ್ಲ. ಆದುದರಿಂದ ಬರಿಯ ಹಿಟ್ಟನ್ನು ಕಲಸಿ ಬೇಯಿಸಿದರೆ ಬಿಲ್ಲೆಯು ಒಡೆದು ಪುಡಿಯಾಗುವುದು. ಕುದಿನೀರಿನಲ್ಲಿ ಬೆಂದ ಹಿಟ್ಟೂ ರುಬ್ಬಿದ ಬೇಳೆಯೂ ಸೇರಿ ಆ ಅಂಟಿನ ಕೆಲಸವನ್ನು ಮಾಡುವುವು.

ಮೂರನೆಯದಾಗಿ, ತುರಿದ ತರಕಾರಿಗೆ ಉಪ್ಪನ್ನು ಬೆರಸಿ ಹತ್ತು ನಿಮಿಷ ಇಟ್ಟರೆ ನೀರು ಬಿಡುವುದು. ಆ ನೀರನ್ನು ಚೆಲ್ಲದೆ, ಎಲ್ಲ ಪದಾರ್ಥಗಳನ್ನೂ ಅದರಲ್ಲಿಯೇ ಕೂಡಿಸಿ, ಸಾಲದೆ ಬಂದಷ್ಟಕ್ಕೆ ಮಾತ್ರ ಮಜ್ಜಿಗೆಯನ್ನು ಹಾಕಿ, ಗಟ್ಟಿಯಾದ ಇಡ್ಲಿಹಿಟ್ಟಿನ ಹದಕ್ಕೆ ಕಲಸತಕ್ಕದ್ದು. ಅರ್ಧ ಗಂಟೆ ಮುಚ್ಚಿಟ್ಟರೆ ಹಿಟ್ಟು ನೆನೆಯುವುದು.

ನಾಲ್ಕನೆಯದಾಗಿ, ಗುಳಿಹಂಚಿಗೆ ಎಣ್ಣೆಯನ್ನು ಸವರಿ, ಮಂದವಾದ ಕೆಂಡದ ಮೇಲಿಟ್ಟು, ಗುಳಿಯ ಮುಕ್ಕಾಲು ಭಾಗ ತುಂಬುವಂತೆ ಹಿಟ್ಟನ್ನು ಹಾಕಿ, ಅಂಚುಳ್ಳ ಕಬ್ಬಿಣದ ತಟ್ಟೆಯನ್ನು ಮುಚ್ಚಿ, ಅದರ ಮೇಲೆ ಒಂದು ಪದರ ಕೆಂಡವನ್ನು ಹರಡತಕ್ಕದ್ದು. ಕಾಲು ಗಂಟೆಯಲ್ಲಿ ಎರಡು ಕಡೆಯೂ ಬೇಯುವುದು. ಅನಿಲದ ಒಲೆಯುಳ್ಳವರು ಸಣ್ಣ ಉರಿಯಲ್ಲಿ ಮುಚ್ಚಿ ಎಂಟು ನಿಮಿಷ, ಮಗುಚಿ ಹಾಕಿ ಆರು ನಿಮಿಷ ಬೇಯಿಸಬಹುದು. ವಿದ್ಯುತ್ತಿನ ಭಟ್ಟಿಯಿದ್ದರೆ ಹಿಟ್ಟನ್ನು ಚಪ್ಪಟೆಯಾಗಿ ತಟ್ಟೆಯಲ್ಲಿ ತಟ್ಟಿ, 180 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಮಾರು 25 ನಿಮಿಷ ಇಡಬೇಕು. ತೆಂಗಿನ ಗರಿಯ ಕಡ್ಡಿಯನ್ನು ನಡುವೆ ಚುಚ್ಚಿ ತೆಗೆದಾಗ ಹಿಟ್ಟು ಅಂಟದಿದ್ದರೆ ಬೆಂದಿತೆಂದು ತಿಳಿಯಬಹುದು.

ಐದನೆಯದಾಗಿ, ಬೆಂದ ಬಿಲ್ಲೆಗಳನ್ನು ಬಿದಿರಿನ ಮೊರದಲ್ಲಿ ಬಿಡಿಬಿಡಿಯಾಗಿ ಹರಡಿ, ಪೂರ್ತಿಯಾಗಿ ಆರಿದ ಮೇಲೆಯೇ ಡಬ್ಬಿಗೆ ತುಂಬತಕ್ಕದ್ದು.

ನನ್ನ ಮನೆಯಲ್ಲಿ ಆದ ತಪ್ಪುಗಳು

ಪರೋಪದೇಶಕ್ಕೆ ಮೊದಲು ಸ್ವಾನುಭವವಿರಬೇಕೆಂದು ನಾನೇ ಒಲೆಯ ಮುಂದೆ ಕುಳಿತು ಇದನ್ನು ಮಾಡಿ ನೋಡಿದೆನು. ಮೊದಲನೆಯ ದಿನ ಅವಸರದಿಂದ ಉರಿಯನ್ನು ಹೆಚ್ಚಿಸಿದೆನು. ಹೊರಗೆ ಇದ್ದಿಲಾಯಿತು, ಒಳಗೆ ಹಸಿಹಿಟ್ಟು ಹಾಗೆಯೇ ಉಳಿಯಿತು. ಮನೆಯವರು ಮರ್ಯಾದೆಗೆ ಸುಮ್ಮನಿದ್ದರು. ಎರಡನೆಯ ದಿನ ಚೆನ್ನಾಗಿ ಬೆಂದುವು. ಆದರೆ ಬಿಸಿಯಾಗಿದ್ದಾಗಲೇ ಡಬ್ಬಿಗೆ ತುಂಬಿ ಸರ್ಕಲಿಗೆ ಹೊರಟೆನು. ಮುಚ್ಚಳದಲ್ಲಿ ಹಬೆಯು ನೀರಾಗಿ ಸುರಿದು, ಮಧ್ಯಾಹ್ನದ ವೇಳೆಗೆ ಎಲ್ಲವೂ ತೇವವಾಗಿ ಹುಳಿವಾಸನೆ ಬಂದಿತ್ತು. ಆ ದಿನ ನನಗೆ ಉಪವಾಸವೇ ಆಯಿತು. ಮೂರನೆಯ ಸಲ ಸರಿಹೋಯಿತು. ಮಂದವಾದ ಉರಿ, ಪೂರ್ತಿಯಾದ ಆರಿಕೆ, ಇವೆರಡರಲ್ಲಿ ಅಲಕ್ಷ್ಯವು ಕೂಡದು. ತರಕಾರಿಯ ತೇವವಿರುವುದರಿಂದ ಅಂದು ಮಾಡಿದ್ದನ್ನು ಅಂದೇ ತಿನ್ನಬೇಕು. ಬೇಸಗೆಯಲ್ಲಿ ರಾತ್ರಿಗೂ ಉಳಿಸಬಾರದು.

ಗುಣವು ದೇಹಕ್ಕೆ ಹತ್ತುವ ಬಗೆ

ರಾಗಿಯಲ್ಲಿಯೂ ಸೊಪ್ಪಿನಲ್ಲಿಯೂ ಇರುವ ಕಬ್ಬಿಣವೆಲ್ಲವೂ ದೇಹಕ್ಕೆ ಸೇರುವುದಿಲ್ಲ. ಧಾನ್ಯದಲ್ಲಿರುವ ಕೆಲವು ಪದಾರ್ಥಗಳು ಅದನ್ನು ಕಟ್ಟಿಹಾಕುವುವು. ಇದಕ್ಕೆ ಮೂರು ಉಪಾಯಗಳುಂಟು. ಒಂದು, ರಾಗಿಯನ್ನು ರಾತ್ರಿಯೆಲ್ಲ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಒಂದೆರಡು ದಿನ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಬೆಚ್ಚಗೆ ಹುರಿದು ಬೀಸುವುದು. ಮೊಳಕೆಯಿಂದ ಆ ಕಟ್ಟು ಸಡಿಲವಾಗುವುದು. ಎರಡು, ಬಿಲ್ಲೆಗಳೊಡನೆ ಒಂದು ಹೋಳು ನಿಂಬೆಯ ಹಣ್ಣನ್ನಾಗಲಿ, ಬೆಟ್ಟದ ನೆಲ್ಲಿಕಾಯಿಯನ್ನಾಗಲಿ ಇಡುವುದು. ಅವುಗಳ ಹುಳಿಯಲ್ಲಿರುವ ಜೀವಸತ್ವವು ಕಬ್ಬಿಣವು ದೇಹಕ್ಕೆ ಸೇರಲು ಸಹಾಯ ಮಾಡುವುದು. ಮೂರು, ಊಟದ ಒಡನೆಯೇ ಚಹವನ್ನಾಗಲಿ ಕಾಫಿಯನ್ನಾಗಲಿ ಕುಡಿಯದೆ ಒಂದು ಗಂಟೆಯಾದರೂ ತಡೆಯುವುದು. ಈ ಮೂರನೆಯ ಉಪಾಯಕ್ಕೆ ಕಾಸಿನ ಖರ್ಚೂ ಇಲ್ಲ. ಹೀಗಿದ್ದರೂ ಇದೇ ಎಲ್ಲಕ್ಕಿಂತ ಕಷ್ಟವೆಂದು ಅನುಭವದಿಂದ ಬಲ್ಲೆನು.

ಪ್ರಾಂತ್ಯಕ್ಕೆ ತಕ್ಕ ಮಾರ್ಪಾಡು

ಬಯಲುಸೀಮೆಯ ಉತ್ತರಭಾಗದಲ್ಲಿ ರಾಗಿಗೆ ಬದಲು ಜೋಳದ ಹಿಟ್ಟು, ನುಗ್ಗೆಗೆ ಬದಲು ಮೆಂತ್ಯದ ಸೊಪ್ಪು, ಕಡಲೆಕಾಯಿಬೀಜಕ್ಕೆ ಬದಲು ಗುರೆಳ್ಳಿನ ಪುಡಿ ಒಗ್ಗುವುವು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಅಕ್ಕಿಯ ತರಿಗೆ ಹೆಸರುಬೇಳೆ, ಸೌತೆ, ಬಸಳೆಗಳನ್ನು ಸೇರಿಸಬಹುದು. ಅವರೆಯ ಕಾಲದಲ್ಲಿ ಹಿದುಕಿದ ಬೇಳೆಯನ್ನು ಹಾಕಿದರೆ ಮಕ್ಕಳನ್ನು ಕರೆದು ಕೂಡಿಸುವ ಶ್ರಮವಿರದು.

ಜಮೀನುದಾರರು ಮಾಡತಕ್ಕ ಏರ್ಪಾಡು

ಬುತ್ತಿಯು ಒಲೆಯಲ್ಲಿ ಆರಂಭವಾಗುವುದಲ್ಲ, ಹೊಲದಲ್ಲಿ. ಬಾವಿಯ ಅಥವಾ ಕೊಳವೆಬಾವಿಯ ಬಳಿ ಒಂದು ಗುಂಟೆಯನ್ನು ಮನೆಯ ಬಳಕೆಗೆಂದೇ ಬಿಡುವುದು ಲೇಸು. ಅಲ್ಲಿ ನಾಲ್ಕು ನುಗ್ಗೆ ಗಿಡಗಳಿದ್ದರೆ ಸಾಕು. ಅರಭಾವಿಯಿಂದ ಬಂದ ಭಾಗ್ಯ ತಳಿಯಾಗಲಿ, ಪೆರಿಯಕುಳಂನ ಪಿ.ಕೆ.ಎಂ. 1 ಆಗಲಿ ಉತ್ತಮ. ಗಿಡವು ಮೂರಡಿಯಾದಾಗ ತುದಿಯನ್ನು ಚಿವುಟಿದರೆ ಕವಲೊಡೆದು, ಸೊಪ್ಪು ಕೈಗೆ ಎಟಕುವಂತೆ ಬರುವುದು. ಮಳೆಗಾಲವು ಕಳೆದ ಮೇಲೆ ಗಜ್ಜರಿಯನ್ನು ಹದಿನೈದು ದಿನಗಳ ಅಂತರದಲ್ಲಿ ಸಾಲುಸಾಲಾಗಿ ಬಿತ್ತಿದರೆ ಒಂದೇ ಸಲ ಬಂದು ಸಂತೆಗೆ ಹೋಗುವುದು ತಪ್ಪುವುದು. ಬಲಿತ ಸಿಹಿಗುಂಬಳವು ಗಾಳಿಯಾಡುವ ಅಟ್ಟದ ಮೇಲೆ ತಿಂಗಳುಗಟ್ಟಲೆ ಇರುವುದು. ಈ ಗುಂಟೆಗೆ ವಿಷದ ಔಷಧವನ್ನು ಸಿಂಪಡಿಸಕೂಡದು. ಪಕ್ಕದ ಹೊಲಕ್ಕೆ ಸಿಂಪಡಿಸಿದಾಗ ಗಾಳಿಯು ಇತ್ತ ಬೀಸಿದ್ದರೆ, ಡಬ್ಬಿಯ ಮೇಲೆ ಹೇಳಿರುವ ಅವಧಿಯು ಕಳೆಯುವವರೆಗೆ ಸೊಪ್ಪನ್ನು ಕೀಳಬಾರದು.

ಇದಕ್ಕಿಂತಲೂ ಮುಖ್ಯವಾದುದು ಮತ್ತೊಂದು. ರಾಶಿಯನ್ನು ಅಳೆದು ವ್ಯಾಪಾರಿಯ ಗಾಡಿಗೆ ತುಂಬುವ ಮೊದಲು, ಮನೆಯವರೆಲ್ಲರಿಗೆ ವರ್ಷಕ್ಕೆ ಬೇಕಾಗುವ ರಾಗಿಯನ್ನು ಬೇರೆ ತೆಗೆದಿಡತಕ್ಕದ್ದು. ಹಗೇವಿನಲ್ಲಿ ರಾಗಿಯನ್ನು ವರ್ಷಗಟ್ಟಲೆ ಕಾಪಾಡಿದ ನಮ್ಮ ಹಿರಿಯರು ಮಾರುವುದಕ್ಕೆ ಮೊದಲು ಉಣ್ಣುವುದನ್ನು ಎಣಿಸುತ್ತಿದ್ದರು. ಬುತ್ತಿಯನ್ನು ಹಂಚುವಾಗಲೂ ದುಡಿಯುವ ಗಂಡಸರಿಗೆ ಮೊದಲೆಂದೂ, ಉಳಿದರೆ ಹೆಂಗಸರಿಗೆಂದೂ ಇರುವ ರೂಢಿಯನ್ನು ಬಿಟ್ಟು, ದೊಡ್ಡವರಿಗೆ ತಲಾ ಏಳು, ಮಕ್ಕಳಿಗೆ ತಲಾ ಐದು ಎಂದು ಮೊದಲೇ ಎಣಿಸಿ ಇಡಬೇಕು. ಎಣಿಸಿ ಕೊಡಬಹುದಾದ ಆಹಾರದ ದೊಡ್ಡ ಗುಣವೇ ಇದು. ಕಡೆಯಲ್ಲಿ ಉಣ್ಣುವವಳ ಪಾಲು ಕರಗುವುದಿಲ್ಲ.

ಮೊದಲು ಹೇಳಿದ ಮುಖಂಡರ ಕಣಕ್ಕೆ ಮರುವರ್ಷವೂ ಹೋಗಿದ್ದೆನು. ಬುತ್ತಿಯಲ್ಲಿ ಬಿಲ್ಲೆಗಳೂ ಮಜ್ಜಿಗೆಯೂ ಬಂದುವು. ಸೊಸೆಯು ವೈದ್ಯರ ಮಾತ್ರೆಗಳನ್ನು ಬಿಡದೆ ತೆಗೆದುಕೊಂಡು, ಈಗ ಚೇತರಿಸಿಕೊಂಡಿರುವಳೆಂದು ತಿಳಿಯಿತು. ಅದು ಮಾತ್ರೆಯ ಫಲವೋ ರಾಗಿಯ ಫಲವೋ ಹೇಳಲು ನಾನು ವೈದ್ಯನಲ್ಲ. ರಕ್ತಹೀನತೆಯುಳ್ಳವರು ವೈದ್ಯರನ್ನು ಕಾಣಲೇಬೇಕು. ಆಹಾರವು ಮಾತ್ರೆಗೆ ಬದಲಲ್ಲ. ಆದರೆ ಮಾತ್ರೆಗಳು ಮುಗಿದ ಮೇಲೂ ಮುಗಿಯದೆ ಉಳಿಯುವುದು ಊಟವೊಂದೇ.

ಗ್ರಾಮದ ಮುಖಂಡರು ಮೊದಲು ತಮ್ಮ ಮನೆಯಲ್ಲಿ ಇದನ್ನು ಮಾಡಿಸಿ ನೋಡಿ, ಒಪ್ಪಿಗೆಯಾದರೆ ಒಕ್ಕಣೆಯ ದಿನ ಕಣದಲ್ಲಿಯೇ ಎಲ್ಲರಿಗೂ ಹಂಚಬೇಕೆಂದು ನನ್ನ ವಿಜ್ಞಾಪನೆ. ದೊಡ್ಡವರ ಬುತ್ತಿಯಲ್ಲಿ ಕಂಡದ್ದನ್ನು ಊರು ಬೇಗ ಕಲಿಯುವುದು. ನುಗ್ಗೆಯ ಸಸಿಗಳು ಬೇಕಾದವರು ಮುಂಗಾರಿಗೆ ಮೊದಲೇ ಸಮೀಪದ ತೋಟಗಾರಿಕೆಯ ನರ್ಸರಿಯಲ್ಲಿ ವಿಚಾರಿಸುವುದು ಒಳ್ಳೆಯದು.